ಪಿಯುಗೆ ಅರ್ಜಿ ಹಾಕುವ ಮೊದಲು ಮಗುವನ್ನು ಒಂದು ದಿನ ಕೆಲಸಕ್ಕೆ ಕಳಿಸಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ತೀರ್ಥಹಳ್ಳಿಗೆ ಹೋಗಿ, ಸಾಗರಕ್ಕೆ ಹೋಗಿ, ಜೆರಾಕ್ಸ್ ಅಂಗಡಿ ಮುಂದೆ ಒಂದೇ ಮಾತು. ‘ನಿಮ್ಮವನಿಗೆ ಎಷ್ಟು ಬಂತು? ಸೈನ್ಸಾ?’ 85 ದಾಟಿದರೆ ಸೈನ್ಸ್. 60 ದಾಟಿದರೆ ಕಾಮರ್ಸ್. ಅದಕ್ಕೂ ಕೆಳಗಿದ್ದರೆ ‘ಆರ್ಟ್ಸ್ ಆದ್ರೂ ಮಾಡ್ಲಿ’. ಮಂಡಿಯಲ್ಲಿ ಅಡಿಕೆ ಆರಿಸಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಚೀಲ ಬೇರೆ ಮಾಡುತ್ತಾರಲ್ಲ, ಹಾಗೆ. ಅಡಿಕೆಗೆ ಮಾತು ಬರುವುದಿಲ್ಲ, ಸರಿ. ಮಕ್ಕಳನ್ನು ಕೇಳಬಹುದಲ್ವಾ?

ಹೈಸ್ಕೂಲಿನಲ್ಲಿ ಪಾಠ ಮಾಡಿದಷ್ಟೂ ವರ್ಷ ಈ ಗಡಿಬಿಡಿ ನೋಡಿದ್ದೇನೆ. ಎರಡು ವರ್ಷ ಬಿಟ್ಟು ಅದೇ ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ‘ಸಾರ್, ನನಗೆ ಬಯಾಲಜಿ ಬೇಡವಾಗಿತ್ತು’ ಅಂದದ್ದೂ ಇದೆ. ಹಾಗಾಗಿ ಹತ್ತನೆಯ ನಂತರ ಏನು ಓದಬೇಕು ಅಂತ ಆರಿಸುವ ಕೆಲಸ ಹೇಗೆ ಶುರು ಮಾಡಬೇಕು ಅಂತ ಹೇಳುತ್ತೇನೆ.

ಮೊದಲು: ಕಾಲ

ಒಂಬತ್ತನೇ ಕ್ಲಾಸಿನ ಬೇಸಿಗೆ ರಜೆ. ತಪ್ಪಿದರೆ ಹತ್ತನೆಯ ದಸರಾ ರಜೆ. ಫಲಿತಾಂಶ ಬಂದ ಮೇಲೆ ಯೋಚಿಸಲು ಹೊರಟರೆ ಸಿಗುವುದು ಕೆಲವೇ ದಿನ. ಅದೂ ಅರ್ಜಿ ಫಾರಂ ಹುಡುಕುವುದರಲ್ಲೇ ಹೋಗುತ್ತದೆ.

ಎರಡನೆಯದು: ಪಟ್ಟಿ

ಒಂದು ಹಾಳೆಯಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಜನ ಮಾಡುವ ಕೆಲಸಗಳನ್ನು ಮಗುವಿನ ಕೈಯಲ್ಲೇ ಬರೆಸಿ. ಡಾಕ್ಟರು, ಎಂಜಿನಿಯರು ಎರಡೇ ಸಾಲಿನಲ್ಲಿ ಮುಗಿಯುತ್ತಾರೆ. ಆಮೇಲೆ ನೆನಪಾಗಲಿ: ಸೊಸೈಟಿ ಕಾರ್ಯದರ್ಶಿ, ಆಸ್ಪತ್ರೆಯ ಲ್ಯಾಬ್ ಟೆಕ್ನೀಷಿಯನ್, ಸರ್ವೇಯರ್, ಕಂಬ ಹತ್ತುವ ಪವರ್‌ಮ್ಯಾನ್, ಲಿಂಗನಮಕ್ಕಿ ಕಡೆ ಪವರ್ ಹೌಸಿನಲ್ಲಿ ಪಾಳಿ ಮಾಡುವವರು, ಹೆಗ್ಗೋಡಿನ ನೀನಾಸಂನಲ್ಲಿ ಕಲಿತು ನಾಟಕಕ್ಕೆ ಬೆಳಕು ಮಾಡುವವರು, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಮಣ್ಣು ಪರೀಕ್ಷೆ ಮಾಡುವವರು. ಇಪ್ಪತ್ತು ಆಗುವವರೆಗೆ ಬಿಡಬೇಡಿ. ‘ನಮಗೆ ತೋಟ ಇದೆ’ ಅನ್ನುವವರೂ ಬರೆಸಿ. ಎಲೆಚುಕ್ಕಿ ರೋಗ ಬಂದ ತೋಟದ ಲೆಕ್ಕ ನಿಮಗೇ ಗೊತ್ತು. ತೋಟವನ್ನೂ ಪಟ್ಟಿಯಲ್ಲಿ ಒಂದು ಕೆಲಸ ಅಂತಲೇ ಸೇರಿಸಿ.

ಇಲ್ಲೊಂದು ಎಚ್ಚರಿಕೆ. ಬೆರಳಚ್ಚು ತೆಗೆದು ‘ನಿಮ್ಮ ಮಗು ಏನಾಗುತ್ತದೆ’ ಅಂತ ಬಣ್ಣದ ಪುಸ್ತಕ ಕೊಡುವವರು ಶಾಲೆಗಳಿಗೇ ಬರುತ್ತಾರೆ. ಸಾವಿರಗಟ್ಟಲೆ ಕೇಳುತ್ತಾರೆ. ಬೆರಳಿನ ಗೆರೆಗೂ ಗಣಿತಕ್ಕೂ ಸಂಬಂಧವಿಲ್ಲ. ಆ ದುಡ್ಡಲ್ಲಿ ಮಗುವಿಗೆ ಒಂದು ಒಳ್ಳೆ ಮಳೆ ಕೋಟು ಕೊಡಿಸಿ. ಮುಂದಿನ ಹಂತಕ್ಕೆ ಅದೇ ಬೇಕು.

ಮೂರನೆಯದು: ಹೋಗಿ ನೋಡುವುದು

ಎಲ್ಲರೂ ಕೆಡಿಸುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಪಟ್ಟಿಯಿಂದ ಮೂರು ಕೆಲಸ ಆರಿಸಿ. ಎರಡು ಮಗುವಿಗೆ ಇಷ್ಟವಾದದ್ದು, ಒಂದು ಅದಕ್ಕೆ ಏನೂ ಗೊತ್ತಿಲ್ಲದ್ದು. ಮೂರನೆಯದನ್ನು ಬಿಡಬೇಡಿ. ನಾನು ನೋಡಿದ ಹಾಗೆ ಮನಸ್ಸು ಬದಲಾಗುವುದು ಅಲ್ಲಿಯೇ ಜಾಸ್ತಿ.

ಯಾರ ಹತ್ತಿರ ಕಳಿಸಬೇಕು? ಚಿಕ್ಕಪ್ಪ, ಮಾವ ಬೇಡ. ಅವರು ಮಗುವಿಗೆ ಕೆಲಸ ತೋರಿಸುವುದಿಲ್ಲ, ಚೌಚೌ ಬಾತ್ ಕೊಡಿಸುತ್ತಾರೆ. ರಿಟೈರ್ ಆದವರೂ ಬೇಡ. ನನ್ನಂಥವರು ‘ನಮ್ಮ ಕಾಲದಲ್ಲಿ’ ಅಂತ ಶುರು ಮಾಡಿದರೆ ಮುಗಿಸುವುದಿಲ್ಲ. ಕೆಲಸಕ್ಕೆ ಸೇರಿ ಮೂರರಿಂದ ಆರು ವರ್ಷ ಆದವರು ಸರಿ. ಓದಿದ ಕಷ್ಟ ಇನ್ನೂ ನೆನಪಿರುತ್ತದೆ, ಸಂಬಳದ ಲೆಕ್ಕ ಹಳೆಯದಾಗಿರುವುದಿಲ್ಲ.

ಅಪ್ಪನೋ ಅಮ್ಮನೋ ಒಂದು ಸಲ ಫೋನ್ ಮಾಡಿ ಅನುಮತಿ ಕೇಳಲಿ. ಆಮೇಲಿನ ಮಾತೆಲ್ಲ ಮಗುವಿನದು. ಸರ್ಕಾರಿ ಕಚೇರಿ ಆದರೆ ಮೇಲಿನವರನ್ನೂ ಕೇಳಬೇಕು. ಒಂದು ಅರ್ಜಿ ಬರೆದುಕೊಟ್ಟರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ದಿನ ಮಾತ್ರ ಕೆಲಸದ ದಿನ ಆಗಿರಲಿ. ಸೋಮವಾರ ಆದರೆ ಇನ್ನೂ ಒಳ್ಳೆಯದು, ಆವತ್ತು ರಗಳೆ ಜಾಸ್ತಿ. ಅರ್ಧ ಗಂಟೆ ಕೂತು ಟೀ ಕುಡಿದು ಬಂದರೆ ಅದು ಭೇಟಿ ಅಷ್ಟೇ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಹೋಗಿ, ಸಂಜೆ ಬೀಗ ಹಾಕುವಾಗ ಬರಬೇಕು.

ಇನ್ನೊಂದು ಮಾತು. ನೀವು ಒಳಗೆ ಹೋಗಬೇಡಿ. ಹುಡುಗಿಯೊಬ್ಬಳಿಗೆ ದನದ ಡಾಕ್ಟರಾಗುವ ಆಸೆ. ಹತ್ತಿರದ ಪಶು ಆಸ್ಪತ್ರೆಗೆ ಕಳಿಸಲು ನಾನೇ ಹೇಳಿದ್ದೆ. ಜೊತೆಗೆ ಅಪ್ಪಯ್ಯನೂ ಹೋದರು. ಹೋದವರು ಮೊದಲು ಸಂಬಳ ಕೇಳಿದರು. ಆಮೇಲೆ ‘ಮೇಲಿಂದ ಏನಾದ್ರೂ ಬರುತ್ತಾ?’ ಅಂತ ಕೇಳಿದರು. ಅಲ್ಲಿಗೆ ಡಾಕ್ಟರ ಮುಖ ಗಂಟು. ಹುಡುಗಿ ಬಾಯಿ ಬಿಡಲೇ ಇಲ್ಲ. ಎರಡನೇ ಸಲ ಒಬ್ಬಳೇ ಹೋದಳು. ಒಂದು ಎಮ್ಮೆಯ ಕಷ್ಟದ ಹೆರಿಗೆ ನೋಡಿದಳು. ಭುಜದವರೆಗೆ ಕೈ ಹಾಕಿ ಕರು ತಿರುಗಿಸುವುದನ್ನು ನೋಡಿ ರಾತ್ರಿ ಊಟ ಬಿಟ್ಟಳಂತೆ. ಮರುದಿನ ಬೆಳಿಗ್ಗೆ ಎದ್ದವಳೇ ಕೇಳಿದ್ದು, ‘ಕರು ಬದುಕಿತಾ?’

ಏನು ಕೇಳಬೇಕು ಅನ್ನುವುದನ್ನು ಮೊದಲೇ ಬರೆದುಕೊಂಡು ಹೋಗಲಿ. ‘ಸ್ಕೋಪ್ ಇದೆಯಾ?’ ಅನ್ನುವ ಪ್ರಶ್ನೆ ಮಾತ್ರ ಬೇಡವೇ ಬೇಡ. ಅದಕ್ಕೆ ಎಲ್ಲರೂ ‘ಇದೆ, ಇದೆ’ ಅನ್ನುತ್ತಾರೆ. ಹೀಗೆ ಕೇಳಲಿ. ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದ್ರಿ? ಇದರಲ್ಲಿ ಬೇಜಾರಿನ ಕೆಲಸ ಯಾವುದು? ಓದಿಗೆ ಎಷ್ಟು ಖರ್ಚಾಯಿತು, ಎಷ್ಟು ಸಾಲ? ಮೊದಲ ಸಂಬಳ ಕೈಗೆ ಬಂದಾಗ ನಿಮಗೆ ಎಷ್ಟು ವಯಸ್ಸು? ಜೊತೆಗೆ ಓದಿದವರು ಈಗ ಎಲ್ಲೆಲ್ಲಿ ಇದ್ದಾರೆ? ಈ ಕೊನೆಯ ಪ್ರಶ್ನೆಯಲ್ಲೇ ಹೆಚ್ಚು ತಿಳಿಯುವುದು. ಹತ್ತು ಜನರಲ್ಲಿ ಎಂಟು ಜನ ಬೇರೆ ಕೆಲಸದಲ್ಲಿದ್ದರೆ ಸ್ಕೋಪಿನ ಕಥೆ ಅಲ್ಲೇ ಗೊತ್ತಾಯಿತು.

ಮನೆಗೆ ಬಂದ ಕೂಡಲೇ ‘ಇಷ್ಟ ಆಯ್ತಾ?’ ಅಂತ ಮೇಲೆ ಬೀಳಬೇಡಿ. ಮಗು ನಿಮ್ಮ ಮುಖ ನೋಡಿ ಉತ್ತರ ಕೊಡುತ್ತದೆ. ಅದರ ಬದಲು ‘ಎಷ್ಟು ಹೊತ್ತಿಗೆ ಗಡಿಯಾರ ನೋಡಿದೆ?’ ಅಂತ ಕೇಳಿ.

ಒಬ್ಬ ಹುಡುಗ ‘ಫಾರೆಸ್ಟ್ ಆಫೀಸರ್’ ಆಗುತ್ತೇನೆ ಅನ್ನುತ್ತಿದ್ದ. ಜೀಪು, ಟೋಪಿ ಅಷ್ಟೇ ತಲೆಯಲ್ಲಿ. ಜುಲೈ ತಿಂಗಳಲ್ಲಿ ಅನುಮತಿ ಪಡೆದು ಗಸ್ತಿನ ಗಾರ್ಡ್ ಒಬ್ಬರ ಜೊತೆ ನರ್ಸರಿಗೆ, ಅಲ್ಲಿಂದ ಗುಡ್ಡದ ದಾರಿಗೆ ಕಳಿಸಿದೆವು. ಕಾಲಿಗೆ ಹನ್ನೊಂದು ಇಂಬಳ (ಜಿಗಣೆ) ಹತ್ತಿಸಿಕೊಂಡು ಬಂದ. ಜೊತೆಗೆ ಗಸ್ತು ಅರಣ್ಯ ಪಾಲಕರಾಗಲು ಪಿಯುಸಿ ಬೇಕು, ಅರಣ್ಯಶಾಸ್ತ್ರದ ಪದವಿ ಅಂದರೆ ಶಿರಸಿ ಅಥವಾ ಪೊನ್ನಂಪೇಟೆ ಅನ್ನುವುದನ್ನೂ ತಿಳಿದುಕೊಂಡು ಬಂದ. ಅದುವರೆಗೆ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ನಾಲ್ಕನೆಯದು: ಬಾಗಿಲು ಲೆಕ್ಕ ಹಾಕುವುದು

ಕೆಲಸ ನೋಡಿ ಬಂದ ಮೇಲೆ ಕಾಂಬಿನೇಷನ್, ಅಂದರೆ ಪಿಯುನಲ್ಲಿ ಓದುವ ವಿಷಯಗಳ ಗುಂಪು. ಹಿಂದೆ ಮುಂದೆ ಮಾಡಬೇಡಿ. ಪ್ರತಿ ಕಾಂಬಿನೇಷನ್‌ಗೂ ‘ಏನು ಸಿಗುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ನೀವು ‘ಯಾವ ಬಾಗಿಲು ಮುಚ್ಚುತ್ತೆ’ ಅಂತ ನೋಡಿ.

ಬಯಾಲಜಿ ಬಿಟ್ಟು ಕಂಪ್ಯೂಟರ್ ತಗೊಂಡರೆ ಮೆಡಿಕಲ್ ಜೊತೆಗೆ ಬಿಎಸ್ಸಿ ಕೃಷಿ, ತೋಟಗಾರಿಕೆ, ಅರಣ್ಯ ಕೂಡ ಹೋಯಿತು. ನಮ್ಮ ಕಡೆಯ ಮಕ್ಕಳು ಜಾಸ್ತಿ ಮರೆಯುವುದು ಇದನ್ನೇ. ಕೃಷಿಕರ ಕೋಟಾ ಅಂತಲೇ ಸೀಟಿವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ತೋಟದಲ್ಲಿ ಬೆಳೆದ ಮಗುವಿಗೆ ಅದು ದೊಡ್ಡ ಕಷ್ಟವಲ್ಲ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಮುಚ್ಚಿತು. ಕಾಮರ್ಸ್‌ನಿಂದ ಸೈನ್ಸ್ ಕಡೆ ವಾಪಸ್ ಬರುವುದು ಆಗದ ಮಾತು. ಆದರೆ ಕಾನೂನು ಓದಲು, ಸಿಎ ಮಾಡಲು ಸೈನ್ಸೇ ಬೇಕೆಂದಿಲ್ಲ.

ಹಾಗಾದರೆ ಎಲ್ಲ ಬಾಗಿಲೂ ತೆರೆದಿರಲಿ ಅಂತ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಹಾಕೋಣ ಅಂತೀರಿ. ನನಗೆ ಒಪ್ಪಿಗೆಯಿಲ್ಲ. ನಾಲ್ಕೂ ಭಾರದ ವಿಷಯ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೇಡದ ಒಂದು ವಿಷಯ ಬೇಕಾದ ಮೂರನ್ನೂ ಕೆಳಗೆ ಎಳೆಯುತ್ತದೆ.

ಘಟ್ಟದ ಕೆಳಗಿನ ಹಾಸ್ಟೆಲ್ ಕಾಲೇಜಿಗೆ ಸೇರಿಸಿದರೆ ಎಲ್ಲ ಸರಿಯಾಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿದೆ. ಬೆಳಿಗ್ಗೆ ಐದಕ್ಕೆ ಎದ್ದು ಓದುವ ಮಗುವಿಗೆ ಸರಿ. ಇಲ್ಲಿ ಓದದ ಮಗು ಆಗುಂಬೆ ಇಳಿದ ಕೂಡಲೇ ಓದುವುದಿಲ್ಲ.

ಪಾಲಿಟೆಕ್ನಿಕ್ ಅಂದರೆ ಮೂಗು ಮುರಿಯಬೇಡಿ. ಹತ್ತನೆಯ ನಂತರ ಮೂರು ವರ್ಷದ ಡಿಪ್ಲೊಮಾ. ಭದ್ರಾವತಿಯಲ್ಲೇ ಸರ್ಕಾರಿ ಕಾಲೇಜಿದೆ. ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿ ಇದೆ. ಕೈಕೆಲಸ ಇಷ್ಟಪಡುವ ಮಗುವಿಗೆ ನಾನು ಮೊದಲು ಹೇಳುವುದು ಇದನ್ನೇ.

ಐದನೆಯದು: ಕಾಗದ

ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿ. ಜಾತಿ, ಆದಾಯ ಪತ್ರ ನಾಡಕಚೇರಿಯಲ್ಲಿ ಮಾಡಿಸಿ, ಆ ಪತ್ರದ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ಗೂ ಅದೇ ನಂಬರ್ ಕೇಳುತ್ತಾರೆ.

ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೆ ಬೇರೆ ಮೀಸಲಾತಿ. ಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ. ಮಗು ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಪ್ರತಿ ಶಾಲೆಗೂ ಅಲೆಯಬೇಕು. ಅದರಲ್ಲೊಂದು ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿರುತ್ತದೆ, ನಮ್ಮ ಕಡೆ ಅದು ಸಾಮಾನ್ಯ. ಅದರ ದಾಖಲೆ ಯಾವ ಶಾಲೆಗೆ ಹೋಗಿದೆ ಅಂತ ಬಿಇಒ ಕಚೇರಿಯಲ್ಲಿ ಈಗಲೇ ಕೇಳಿಡಿ. ಮಳೆಗಾಲ ಹಿಡಿದ ಮೇಲೆ ಕರೆಂಟೂ ಇರುವುದಿಲ್ಲ, ಸರ್ವರ್ರೂ ಇರುವುದಿಲ್ಲ.