ಉಬುಂಟು ಡಿಸ್ಕ್ ತುಂಬಿತೇ? ಅಳಿಸುವ ಮುನ್ನ ಟರ್ಮಿನಲ್ ತೆರೆದು ನೋಡಿ

ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದ ಲ್ಯಾಪ್‌ಟಾಪ್ ಎರಡು ಮೂರು ವರ್ಷ ಸಲೀಸಾಗಿ ಓಡುತ್ತದೆ. ಆಮೇಲೊಂದು ದಿನ ಅಪ್‌ಡೇಟ್ ಅರ್ಧಕ್ಕೇ ನಿಂತು, ಡಿಸ್ಕಿನಲ್ಲಿ ಜಾಗವಿಲ್ಲ ಎನ್ನುತ್ತದೆ. ಇಲ್ಲವೇ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಲಾಗಿನ್ ಪರದೆಯೇ ಮತ್ತೆ ಮತ್ತೆ ಎದುರಾಗುತ್ತದೆ. ಎರಡಕ್ಕೂ ಬಹಳ ಸಲ ಕಾರಣ ಒಂದೇ, ಡಿಸ್ಕ್ ತುಂಬಿರುವುದು. ಇಂಥ ಹೊತ್ತಿನಲ್ಲಿ ಗಾಬರಿಬಿದ್ದು ಸಿಸ್ಟಂ ಫೋಲ್ಡರುಗಳಿಗೆ ಕೈಹಾಕಿ ಫೈಲ್ ಅಳಿಸುವುದು ತುಂಬಿದ ಡಿಸ್ಕಿಗಿಂತ ದೊಡ್ಡ ಅಪಾಯ. ಯಾವ ಫೈಲ್ ಯಾವ ಪ್ಯಾಕೇಜಿಗೆ (ಒಂದು ಪ್ರೋಗ್ರಾಮಿನ ಫೈಲುಗಳ ಕಟ್ಟಿಗೆ) ಸೇರಿದ್ದು ಎಂಬ ಲೆಕ್ಕವನ್ನು ಡಿಪಿಕೆಜಿ ಎಂಬ ಪ್ರೋಗ್ರಾಂ ಇಟ್ಟುಕೊಂಡಿರುತ್ತದೆ. ಅದಕ್ಕೆ ತಿಳಿಸದೆ ಅಳಿಸಿದರೆ ಲೆಕ್ಕ ತಪ್ಪಿ ಮುಂದಿನ ಅಪ್‌ಡೇಟೂ ಕೆಡುತ್ತದೆ. ಹಾಗಾಗಿ ಮೊದಲು ಜಾಗ ಎಲ್ಲಿ ಹೋಗಿದೆ ಎಂದು ನೋಡಬೇಕು, ಆಮೇಲೆ ತೆಗೆಯುವ ಕೆಲಸವನ್ನು ಅದಕ್ಕೆಂದೇ ಇರುವ ಕಮಾಂಡಿಗೆ ಬಿಡಬೇಕು.

ಕಮಾಂಡುಗಳನ್ನು ಇಲ್ಲಿ ಓದುವಂತೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್ಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ಎಪಿಟಿ, ಡಿಎಫ್, ಡಿಯು, ವಿಎಆರ್ ಮುಂತಾದವು ಬಿಡಿ ಅಕ್ಷರಗಳು. ಸುಡೊ ಎಂದರೆ ಎಸ್, ಯು, ಡಿ, ಒ. ಅದು ತನ್ನ ಮುಂದಿರುವ ಕಮಾಂಡನ್ನು ರೂಟ್, ಅಂದರೆ ಸಿಸ್ಟಂ ಮೇಲೆ ಪೂರ್ಣ ಅಧಿಕಾರವಿರುವ ಬಳಕೆದಾರನ ಹೆಸರಿನಲ್ಲಿ ಓಡಿಸುತ್ತದೆ. ನಡುವಿನ ಖಾಲಿ ಜಾಗ, ಅಡ್ಡಗೆರೆಗಳು ಇಲ್ಲಿರುವಂತೆಯೇ ಇರಲಿ. ಟರ್ಮಿನಲ್ ತೆರೆಯಲು ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ.

ಲಾಗಿನ್ ಪರದೆ ದಾಟಲಾಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ. ಬರೀ ಅಕ್ಷರಗಳ ಕಪ್ಪು ಪರದೆ ಬರುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗಿ. ಡಿಸ್ಕ್ ನೂರಕ್ಕೆ ನೂರು ತುಂಬಿದೆ ಎಂದು ತೋರಿಸುತ್ತಿದ್ದರೂ ಸುಡೊ ಕಮಾಂಡುಗಳು ಅಲ್ಲಿ ನಡೆಯುತ್ತವೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಫೈಲ್ ಸಿಸ್ಟಂ ಸಾಮಾನ್ಯವಾಗಿ ಶೇ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆಂದೇ ತೆಗೆದಿರಿಸಿರುತ್ತದೆ. ಡೆಸ್ಕ್‌ಟಾಪ್ ಶುರುವಾಗುವಾಗ ನಿಮ್ಮ ಹೋಮ್ ಫೋಲ್ಡರಿನಲ್ಲಿ ಕೆಲವು ಚಿಕ್ಕ ಫೈಲುಗಳನ್ನು ಬರೆಯಬೇಕು, ಅದಕ್ಕೆ ಜಾಗ ಸಿಗದೆ ಲಾಗಿನ್ ಪರದೆಗೇ ಮರಳುತ್ತದೆ, ಅಷ್ಟೇ.

ಜಾಗ ಎಲ್ಲಿ ಹೋಯಿತು

ಮೊದಲ ಕಮಾಂಡ್:

ಡಿಎಫ್ -ಎಚ್ -ಎಕ್ಸ್ ಸ್ಕ್ವಾಶ್‌ಎಫ್‌ಎಸ್ -ಎಕ್ಸ್ ಟಿಎಂಪಿಎಫ್‌ಎಸ್

ಬರೀ ಡಿಎಫ್ -ಎಚ್ ಕೊಟ್ಟರೆ ಉಬುಂಟುವಿನಲ್ಲಿ ‘ಲೂಪ್’ ಹೆಸರಿನ ಹಲವು ಸಾಲುಗಳು ಶೇ 100 ತುಂಬಿರುವಂತೆ ಕಾಣುತ್ತವೆ. ಅವು ಸ್ನ್ಯಾಪ್ ಎಂಬ ಇನ್ನೊಂದು ಬಗೆಯ ಪ್ಯಾಕೇಜುಗಳು. ಓದಲಷ್ಟೇ ಬರುವ ಫೈಲುಗಳಾದ್ದರಿಂದ ಯಾವಾಗಲೂ ತುಂಬಿಯೇ ಇರುತ್ತವೆ, ಹೆದರಬೇಕಿಲ್ಲ. ಮೇಲಿನ ಕಮಾಂಡ್ ಅವನ್ನು ಬಿಟ್ಟು ಉಳಿದದ್ದನ್ನು ತೋರಿಸುತ್ತದೆ. ನೋಡಬೇಕಾದ ಸಾಲುಗಳು ಮೂರೇ: ಬರೀ ಓರೆಗೆರೆ ಇರುವುದು, /ಬೂಟ್ ಮತ್ತು /ಹೋಮ್. ಕೊನೆಯ ಎರಡು ಎಲ್ಲ ಕಂಪ್ಯೂಟರಿನಲ್ಲೂ ಬೇರೆಯಾಗಿ ಇರುವುದಿಲ್ಲ. ಯಾವುದೇ ಸಾಲು ಶೇ 90 ದಾಟಿದ್ದರೆ ಕೆಲಸ ಶುರುಮಾಡಿ. ಜಾಗವಿದ್ದೂ ಜಾಗವಿಲ್ಲ ಎನ್ನುತ್ತಿದ್ದರೆ ಡಿಎಫ್ -ಐ ಕೊಟ್ಟು ನೋಡಿ. ಲಕ್ಷಗಟ್ಟಲೆ ಚಿಕ್ಕ ಫೈಲುಗಳಿದ್ದಾಗ ಐನೋಡ್ (ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ದಾಖಲೆ) ಮುಗಿದುಹೋಗಿರುತ್ತದೆ.

ಎರಡನೆಯದು:

ಸುಡೊ ಡಿಯು -ಎಕ್ಸ್ -ಎಚ್ -ಡಿ 1 / | ಸಾರ್ಟ್ -ಎಚ್

ದೊಡ್ಡ ಫೋಲ್ಡರ್ ಕೊನೆಯ ಸಾಲುಗಳಲ್ಲಿ ಬರುತ್ತದೆ. ಅಲ್ಲಿ /ವಿಎಆರ್ ದೊಡ್ಡದಾಗಿ ಕಂಡರೆ ಓರೆಗೆರೆಯ ಜಾಗದಲ್ಲಿ /ವಿಎಆರ್ ಎಂದು ಕೊಟ್ಟು ಅದೇ ಕಮಾಂಡ್ ಮತ್ತೆ ಓಡಿಸಿ. ಹೀಗೆ ಒಂದೊಂದೇ ಮೆಟ್ಟಿಲು ಇಳಿಯಬೇಕು. -ಎಕ್ಸ್ ಮರೆಯಬೇಡಿ. ಅದಿಲ್ಲದಿದ್ದರೆ ಸಿಕ್ಕಿಸಿರುವ ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕುಗಳ ಗಾತ್ರವೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ.

ಡಿಎಫ್ ಹೇಳುವುದಕ್ಕೂ ಡಿಯು ಹೇಳುವುದಕ್ಕೂ ಹಲವು ಜಿಬಿ ವ್ಯತ್ಯಾಸ ಬಂದರೆ, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿರಬಹುದು. ಹೆಸರು ಹೋಗಿರುತ್ತದೆ, ಜಾಗ ಬಿಟ್ಟುಕೊಟ್ಟಿರುವುದಿಲ್ಲ. ಸುಡೊ ಎಲ್‌ಎಸ್‌ಒಎಫ್ +ಎಲ್1 ಎಂದು ಕೊಟ್ಟರೆ ಆ ಪ್ರೋಗ್ರಾಮಿನ ಹೆಸರು ಸಿಗುತ್ತದೆ. ಇಲ್ಲಿ ಪ್ಲಸ್ ಪಕ್ಕದ ಎಲ್ ದೊಡ್ಡಕ್ಷರ. ಆ ಪ್ರೋಗ್ರಾಂ ಮುಚ್ಚಿದರೆ ಜಾಗ ಮರಳುತ್ತದೆ.

ಮಿಂಟ್ ಬಳಸುವವರು /ಟೈಮ್‌ಶಿಫ್ಟ್ ಫೋಲ್ಡರನ್ನು ಮೊದಲು ನೋಡುವುದು ಒಳ್ಳೆಯದು. ಟೈಮ್‌ಶಿಫ್ಟ್ ಪ್ರೋಗ್ರಾಂ ತೆಗೆದಿಡುವ ಸಿಸ್ಟಮ್ಮಿನ ಪ್ರತಿಗಳಾದ ಸ್ನ್ಯಾಪ್‌ಶಾಟುಗಳು ಅದೇ ಡಿಸ್ಕಿನಲ್ಲಿದ್ದರೆ ಜಾಗ ತಿನ್ನುವುದು ಅವೇ. ಸುಡೊ ಟೈಮ್‌ಶಿಫ್ಟ್ --ಲಿಸ್ಟ್ ಎಂದರೆ ಪಟ್ಟಿ ಬರುತ್ತದೆ. ಹಳೆಯದನ್ನು ಟೈಮ್‌ಶಿಫ್ಟ್ ಮೂಲಕವೇ ಅಳಿಸಿ. ಬದಲಾಗದ ಫೈಲುಗಳನ್ನು ಎಲ್ಲ ಸ್ನ್ಯಾಪ್‌ಶಾಟುಗಳೂ ಹಂಚಿಕೊಂಡಿರುವುದರಿಂದ ಒಂದನ್ನು ಅಳಿಸಿದರೆ ಅಂದುಕೊಂಡಷ್ಟು ಜಾಗ ಬಿಡುಗಡೆಯಾಗದಿರಬಹುದು.

ಎಪಿಟಿ ಕೇಳುವ ಪ್ರಶ್ನೆಯನ್ನು ಓದಿ

ಪ್ಯಾಕೇಜುಗಳನ್ನು ತರಿಸಲು, ತೆಗೆಯಲು ಇರುವ ಕಮಾಂಡ್ ಎಪಿಟಿ. ಸುಡೊ ಎಪಿಟಿ ಅಪ್‌ಡೇಟ್ ಏನನ್ನೂ ಅಳವಡಿಸುವುದಿಲ್ಲ, ಸರ್ವರಿನಿಂದ ಹೊಸ ಪಟ್ಟಿಯನ್ನಷ್ಟೇ ತರುತ್ತದೆ. ಅಳವಡಿಸುವುದು ಸುಡೊ ಎಪಿಟಿ ಅಪ್‌ಗ್ರೇಡ್. ಇದು ಇರುವ ಪ್ಯಾಕೇಜನ್ನು ಕಿತ್ತುಹಾಕುವುದಿಲ್ಲ. ಫುಲ್-ಅಪ್‌ಗ್ರೇಡ್ ಮಾತ್ರ ಅಗತ್ಯ ಬಿದ್ದರೆ ಕಿತ್ತುಹಾಕುತ್ತದೆ. ಉಬುಂಟುವಿನಲ್ಲಿ ಕೆಲವು ಪ್ಯಾಕೇಜುಗಳನ್ನು ಹಂತಹಂತವಾಗಿ ಬಿಡುವ ಕಾರಣಕ್ಕೆ ತಡೆಹಿಡಿಯಲಾಗಿದೆ ಎಂಬ ಸಂದೇಶ ಬರುವುದುಂಟು. ಹೊಸ ಆವೃತ್ತಿಯನ್ನು ಮೊದಲು ಕೆಲವೇ ಕಂಪ್ಯೂಟರುಗಳಿಗೆ ಕೊಟ್ಟು, ತೊಂದರೆ ಕಾಣದಿದ್ದರೆ ಉಳಿದವುಗಳಿಗೆ ಬಿಡುತ್ತಾರೆ. ಬಲವಂತ ಮಾಡಬೇಡಿ, ಕೆಲವು ದಿನಗಳಲ್ಲಿ ತಾನಾಗಿ ಬರುತ್ತದೆ.

ಬೇಡದ ಪ್ಯಾಕೇಜುಗಳನ್ನು ತೆಗೆಯುವುದು ಆಟೋರಿಮೂವ್. ಮೊದಲು ಏನನ್ನೂ ತೆಗೆಯದೆ ಪರೀಕ್ಷೆ:

ಎಪಿಟಿ -ಎಸ್ ಆಟೋರಿಮೂವ್

ಏನನ್ನು ತೆಗೆಯುತ್ತೇನೆ ಎಂದಷ್ಟೇ ಇದು ಹೇಳುತ್ತದೆ. ಪಟ್ಟಿಯನ್ನು ಕೊನೆಯವರೆಗೆ ಓದಿ. ಹಳೆಯ ಕರ್ನೆಲ್ (ಸಿಸ್ಟಮ್ಮಿನ ತಿರುಳಾದ ಪ್ರೋಗ್ರಾಂ), ಲೈಬ್ರರಿಗಳಿದ್ದರೆ ಸರಿ. ಡೆಸ್ಕ್‌ಟಾಪ್, ಎನ್‌ವಿಡಿಯಾ ಡ್ರೈವರ್, ನೆಟ್‌ವರ್ಕ್-ಮ್ಯಾನೇಜರ್ ಎಂಬ ಹೆಸರು ಕಂಡರೆ ನಿಲ್ಲಿಸಿ. ಬೇರೊಂದಕ್ಕಾಗಿ ಬಂದ ಪ್ಯಾಕೇಜು, ಆ ಬೇರೊಂದು ಹೋದೊಡನೆ ಬೇಡದ್ದು ಎನಿಸಿಕೊಳ್ಳುತ್ತದೆ. ಕನ್ನಡ ಬಳಸುವವರಿಗೆ ಇದು ಕಾಡುವುದು ಫಾಂಟಿನಲ್ಲಿ. ಫಾಂಟ್ಸ್-ಕೆಎನ್‌ಡಿಎ ಒಂದು ಗುಂಪು ಪ್ಯಾಕೇಜು. ಅದನ್ನು ತೆಗೆದರೆ ಅದರ ಜೊತೆಗೆ ಬಂದ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಮುಂದಿನ ಆಟೋರಿಮೂವಿನಲ್ಲಿ ಹೋಗಬಹುದು. ಬೇಕಾದದ್ದನ್ನು ಹೀಗೆ ಉಳಿಸಿಕೊಳ್ಳಿ:

ಸುಡೊ ಎಪಿಟಿ-ಮಾರ್ಕ್ ಮ್ಯಾನ್ಯುಯಲ್ ಫಾಂಟ್ಸ್-ಗುಬ್ಬಿ

ಯಾವ ಕನ್ನಡ ಫಾಂಟುಗಳು ಇವೆ ಎಂದು ನೋಡಲು ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್. ಕೋಲನ್ ಹಿಂದೆ ಖಾಲಿ ಜಾಗ, ಮುಂದೆ ಇಲ್ಲ.

ಸುಡೊ ಎಪಿಟಿ ಕ್ಲೀನ್ ನಿರಪಾಯಕಾರಿ, ಇಳಿಸಿಕೊಂಡ ಪ್ಯಾಕೇಜ್ ಫೈಲುಗಳನ್ನಷ್ಟೇ ತೆಗೆಯುತ್ತದೆ. ಎಪಿಟಿ ಈಗ ಅಳವಡಿಸಿದ ಮೇಲೆ ಆ ಫೈಲುಗಳನ್ನು ತಾನೇ ಅಳಿಸುತ್ತದೆ. ಹಳೆಯ ಎಪಿಟಿ-ಗೆಟ್ ಕಮಾಂಡನ್ನೇ ಬಳಸುವವರಲ್ಲಿ ಅವು ಕೂಡಿಕೊಂಡಿರುತ್ತವೆ.

/ಬೂಟ್ ತುಂಬಿದಾಗ

ಇಡೀ ಲೇಖನದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಉಬುಂಟು ಹಾಕಿದವರಿಗೆ /ಬೂಟ್ ಎಂಬ ಪುಟ್ಟ ಪಾರ್ಟಿಷನ್ (ಡಿಸ್ಕಿನ ಭಾಗ) ಪ್ರತ್ಯೇಕವಾಗಿ ಇರುತ್ತದೆ. ಪ್ರತಿ ಕರ್ನೆಲ್ಲಿನ ಜೊತೆ, ಬೂಟ್ ಆಗುವಾಗ ಡಿಸ್ಕನ್ನು ಗುರುತಿಸಲು ಬೇಕಾದ ಇನಿಟ್‌ಆರ್‌ಡಿ ಎಂಬ ಫೈಲ್ ಅಲ್ಲಿ ಸೇರುತ್ತದೆ. ಅದರ ಗಾತ್ರ ಹತ್ತಾರು ಎಂಬಿಯಿಂದ ನೂರು ಎಂಬಿಗೂ ಮೇಲೆ. ಹಳೆಯ ಕರ್ನೆಲ್ಲುಗಳು ಉಳಿದುಕೊಂಡರೆ ಈ ಪಾರ್ಟಿಷನ್ ತುಂಬುತ್ತದೆ, ಮುಖ್ಯ ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿ ಇದ್ದರೂ ಅಪ್‌ಡೇಟ್ ನಿಲ್ಲುತ್ತದೆ.

ಯುನೇಮ್ -ಆರ್

ಈಗ ಓಡುತ್ತಿರುವ ಕರ್ನೆಲ್ ಯಾವುದೆಂದು ಇದು ಹೇಳುತ್ತದೆ. ಉತ್ತರ 6.8.0-50-ಜೆನೆರಿಕ್ ಎಂದಿರಲಿ. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಆ ಸಂಖ್ಯೆಯ ಯಾವುದನ್ನೂ ಮುಟ್ಟಬಾರದು. ಬಳಿಕ:

ಡಿಪಿಕೆಜಿ -ಎಲ್ 'ಲಿನಕ್ಸ್-ಇಮೇಜ್*'

ಸಾಲಿನ ಮೊದಲಲ್ಲಿ ಐಐ ಇದ್ದರೆ ಪ್ಯಾಕೇಜು ಇದೆ. ಆರ್‌ಸಿ ಇದ್ದರೆ ತೆಗೆದಾಗಿದೆ, ಸೆಟ್ಟಿಂಗ್ ಫೈಲ್ ಮಾತ್ರ ಉಳಿದಿದೆ. ಯುಎನ್ ಇದ್ದರೆ ಅಳವಡಿಸಿಲ್ಲ. ಮಾಮೂಲಿ ಸ್ಥಿತಿಯಲ್ಲಿ ಇಷ್ಟು ಸಾಕು:

ಸುಡೊ ಎಪಿಟಿ ಆಟೋರಿಮೂವ್ --ಪರ್ಜ್

ಓಡುತ್ತಿರುವ ಕರ್ನೆಲ್ಲನ್ನೂ ತೀರಾ ಹೊಸದನ್ನೂ ಇದು ಉಳಿಸಿ ಹಳೆಯದನ್ನು ತೆಗೆಯುತ್ತದೆ. ಒಂದೇ ಕರ್ನೆಲ್ ಉಳಿಸಿಕೊಳ್ಳುವ ದುರಾಸೆ ಬೇಡ. ಹೊಸದು ಕೈಕೊಟ್ಟ ದಿನ ಹಳೆಯದರಿಂದಲೇ ಬೂಟ್ ಆಗಬೇಕು.

ಪಾರ್ಟಿಷನ್ ಪೂರ್ತಿ ತುಂಬಿಬಿಟ್ಟರೆ ಬಿಕ್ಕಟ್ಟು ಬೇರೆ. ಹೊಸ ಕರ್ನೆಲ್ ಅರ್ಧ ಅಳವಟ್ಟಿರುತ್ತದೆ. ಎಪಿಟಿಗೆ ಏನು ಹೇಳಿದರೂ ಮೊದಲು --ಫಿಕ್ಸ್-ಬ್ರೋಕನ್ ಓಡಿಸಿ ಎನ್ನುತ್ತದೆ. ಅದನ್ನು ಓಡಿಸಿದರೆ ಅದಕ್ಕೂ /ಬೂಟ್‌ನಲ್ಲೇ ಜಾಗ ಬೇಕು. ಈ ಸುಳಿಯಿಂದ ಹೊರಬರಲು ಎಪಿಟಿಯನ್ನು ಬದಿಗಿಟ್ಟು, ಅದರ ಕೆಳಗೆ ಕೆಲಸ ಮಾಡುವ ಡಿಪಿಕೆಜಿಗೆ ನೇರವಾಗಿ ಹೇಳಬೇಕು. ತೀರಾ ಹಳೆಯ ಒಂದೇ ಒಂದು ಕರ್ನೆಲ್ಲನ್ನು ಆರಿಸಿ. ಅದು 6.8.0-45 ಆಗಿದ್ದರೆ:

ಸುಡೊ ಡಿಪಿಕೆಜಿ --ಪರ್ಜ್ ಲಿನಕ್ಸ್-ಇಮೇಜ್-6.8.0-45-ಜೆನೆರಿಕ್ ಲಿನಕ್ಸ್-ಮಾಡ್ಯೂಲ್ಸ್-6.8.0-45-ಜೆನೆರಿಕ್ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ-6.8.0-45-ಜೆನೆರಿಕ್

ಮೂರನ್ನೂ ಒಂದೇ ಸಾಲಿನಲ್ಲಿ ಕೊಡಬೇಕು. ಒಂದು ಇನ್ನೊಂದನ್ನು ಅವಲಂಬಿಸಿರುವುದರಿಂದ ಬಿಡಿಬಿಡಿಯಾಗಿ ಕೊಟ್ಟರೆ ಡಿಪಿಕೆಜಿ ಒಪ್ಪುವುದಿಲ್ಲ. ಬೇರೆ ಪ್ಯಾಕೇಜಿನ ಹೆಸರು ಹೇಳಿ ತಕರಾರು ತೆಗೆದರೆ, ಅದೂ 45ರದ್ದೇ ಎಂದು ಖಚಿತಪಡಿಸಿಕೊಂಡು ಸಾಲಿಗೆ ಸೇರಿಸಿ. ಆಮೇಲೆ ಕ್ರಮವಾಗಿ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್
ಸುಡೊ ಎಪಿಟಿ ಆಟೋರಿಮೂವ್ --ಪರ್ಜ್

ಇವು ದೋಷವಿಲ್ಲದೆ ಮುಗಿಯುವವರೆಗೆ ರೀಸ್ಟಾರ್ಟ್ ಮಾಡಬೇಡಿ. ಇನಿಟ್‌ಆರ್‌ಡಿ ಇಲ್ಲದ ಹೊಸ ಕರ್ನೆಲ್ ಮೊದಲ ಆಯ್ಕೆಯಾಗಿದ್ದರೆ ಅದು ಡಿಸ್ಕನ್ನು ಗುರುತಿಸಲಾಗದೆ ಕರ್ನೆಲ್ ಪ್ಯಾನಿಕ್ ಎಂದು ನಿಲ್ಲುತ್ತದೆ. ಹಾಗಾಗಿಬಿಟ್ಟಿದ್ದರೆ ಕಂಪ್ಯೂಟರ್ ಆನ್ ಮಾಡಿದೊಡನೆ ಎಸ್ಕೇಪ್ ಕೀಲಿ ಒತ್ತಿ. ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆ ಇಲ್ಲದ ಹಳೆಯ ಯಂತ್ರಗಳಲ್ಲಿ ಶಿಫ್ಟ್ ಒತ್ತಿ ಹಿಡಿಯಬೇಕು. ಆಗ ಬರುವ ಗ್ರಬ್ ಎಂಬ ಬೂಟ್ ಮೆನುವಿನಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಚೀಟಿಯಲ್ಲಿರುವ ಸಂಖ್ಯೆಯ ಕರ್ನೆಲ್ ಆರಿಸಿ, ಒಳಗೆ ಬಂದು ಮೇಲಿನ ಕೆಲಸ ಮುಗಿಸಿ.

ಲಾಗ್, ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್

ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್ ಕೊಟ್ಟರೆ ಸಿಸ್ಟಂ ಲಾಗ್ ಎಷ್ಟು ಜಾಗ ಹಿಡಿದಿದೆ ಎಂದು ತಿಳಿಯುತ್ತದೆ. ತಾನಾಗಿ ಬಿಟ್ಟರೆ ಡಿಸ್ಕಿನ ಶೇ 10ರವರೆಗೆ, ಗರಿಷ್ಠ 4 ಜಿಬಿವರೆಗೆ ಬೆಳೆಯುತ್ತದೆ. ಇಳಿಸಲು:

ಸುಡೊ ಜರ್ನಲ್‌ಸಿಟಿಎಲ್ --ರೊಟೇಟ್ --ವ್ಯಾಕ್ಯೂಮ್-ಸೈಜ್=200ಎಂ

ಕೊನೆಯ ಎಂ ದೊಡ್ಡಕ್ಷರ. --ರೊಟೇಟ್ ಬಿಟ್ಟರೆ ಈಗ ಬರೆಯುತ್ತಿರುವ ಲಾಗ್ ಫೈಲನ್ನು ಅದು ಮುಟ್ಟುವುದಿಲ್ಲ, ಜಾಗ ಕಡಿಮೆಯೇ ಸಿಗುತ್ತದೆ. ಮಿತಿಯನ್ನು ಕಾಯಂ ಮಾಡಲು /ಇಟಿಸಿ/ಸಿಸ್ಟಂಡಿ/ಜರ್ನಲ್‌ಡಿ.ಕಾನ್ಫ್ ಫೈಲಿನಲ್ಲಿ ಸಿಸ್ಟಂಮ್ಯಾಕ್ಸ್‌ಯೂಸ್=200ಎಂ ಎಂದು ಬರೆದು, ಸಾಲಿನ ಮುಂದಿನ ಹ್ಯಾಶ್ ಗುರುತು ತೆಗೆಯಿರಿ. ಇಲ್ಲಿ ಎಸ್, ಎಂ, ಯು ಮೂರೂ ದೊಡ್ಡಕ್ಷರ. ಆದರೆ ಲಾಗ್ ವಾರಕ್ಕೊಂದು ಜಿಬಿ ಬೆಳೆಯುತ್ತಿದ್ದರೆ ಕತ್ತರಿಸುವುದು ಪರಿಹಾರವಲ್ಲ. ಜರ್ನಲ್‌ಸಿಟಿಎಲ್ -ಪಿ 3 -ಬಿ ಕೊಟ್ಟು ಒಂದೇ ದೋಷವನ್ನು ಸಾವಿರ ಸಲ ಬರೆಯುತ್ತಿರುವುದು ಯಾವುದೆಂದು ಹುಡುಕಿ.

ಸ್ನ್ಯಾಪ್ ತನ್ನ ಹಳೆಯ ಆವೃತ್ತಿಯನ್ನೂ ಇಟ್ಟುಕೊಳ್ಳುತ್ತದೆ. ಸ್ನ್ಯಾಪ್ ಲಿಸ್ಟ್ --ಆಲ್ ಪಟ್ಟಿಯಲ್ಲಿ ‘ಡಿಸೇಬಲ್ಡ್’ ಎಂದಿರುವವು ಅವೇ. ಅವನ್ನು ಸುಡೊ ಸ್ನ್ಯಾಪ್ ರಿಮೂವ್, ಪ್ಯಾಕೇಜಿನ ಹೆಸರು, ಬಳಿಕ --ರಿವಿಷನ್= ಪಟ್ಟಿಯಲ್ಲಿರುವ ಸಂಖ್ಯೆ ಎಂದು ಕೊಟ್ಟು ತೆಗೆಯಬಹುದು. ಸ್ನ್ಯಾಪಿನಂಥದೇ ಇನ್ನೊಂದು ವ್ಯವಸ್ಥೆಯಾದ ಫ್ಲ್ಯಾಟ್‌ಪ್ಯಾಕ್ ಇದ್ದರೆ ಫ್ಲ್ಯಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್ ಸಾಕು.

ಬೀಗ ಒಡೆಯಬೇಡಿ

ಡಿಪಿಕೆಜಿ ಲಾಕ್ ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ಲಾಕ್ ಫೈಲ್ ಅಳಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದನ್ನು ಪಾಲಿಸಬೇಡಿ. ಹಿನ್ನೆಲೆಯಲ್ಲಿ ಭದ್ರತಾ ಅಪ್‌ಡೇಟುಗಳು ತಾವಾಗಿ ನಡೆಯುತ್ತಿರುತ್ತವೆ, ಬೀಗ ಅವುಗಳದ್ದು. ಎರಡು ಪ್ರೋಗ್ರಾಂಗಳು ಒಟ್ಟಿಗೆ ಬರೆದರೆ ಪ್ಯಾಕೇಜುಗಳ ದಾಖಲೆಯೇ ಕೆಡಬಹುದು. ಸಂದೇಶದಲ್ಲಿ ಪ್ರೊಸೆಸ್ ಸಂಖ್ಯೆ ಇರುತ್ತದೆ. ಪಿಎಸ್ -ಪಿ ಮುಂದೆ ಆ ಸಂಖ್ಯೆ ಕೊಟ್ಟು ಯಾವುದೆಂದು ನೋಡಿ, ಹತ್ತು ಹದಿನೈದು ನಿಮಿಷ ಕಾಯಿರಿ. ಕರೆಂಟ್ ಹೋಗಿ ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಮತ್ತೆ ಅದೇ ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ.

ಜಾಗವಿದ್ದೂ ಬರೆಯಲಾಗುತ್ತಿಲ್ಲವೇ? ಲಾಗಿನಲ್ಲಿ ಐ/ಒ ಎರರ್ ಎಂಬ ಸಾಲುಗಳು ಕಾಣುತ್ತಿವೆಯೇ? ಹಾಗಿದ್ದರೆ ಡಿಸ್ಕೇ ಹಾಳಾಗುತ್ತಿರಬಹುದು. ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜು ಹಾಕಿಕೊಂಡು:

ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ

ಎನ್‌ವಿಎಂಇ ಡಿಸ್ಕಾದರೆ ಎಸ್‌ಡಿಎ ಬದಲು ಎನ್‌ವಿಎಂಇ0. ಹಾರ್ಡ್ ಡಿಸ್ಕಿನಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಾಲಿನ ಕೊನೆಯ ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ಸ್ವಚ್ಛತೆಯ ಕೆಲಸವನ್ನೆಲ್ಲ ಬಿಟ್ಟು ಮೊದಲು ನಿಮ್ಮ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಅದಕ್ಕೆ ಆರ್‌ಸಿಂಕ್ -ಎವಿ ಒಳ್ಳೆಯದು, ನಡುವೆ ನಿಂತರೂ ಮತ್ತೆ ಓಡಿಸಿದಾಗ ಉಳಿದದ್ದನ್ನಷ್ಟೇ ನಕಲಿಸುತ್ತದೆ. ಹೊರಗಿನ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲುಗಳು ಹೋಗುವುದಿಲ್ಲ, ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನೇ ಬಳಸಿ.