ಎ.ಸಿ ಹಾಕಿದರೆ ಬಾನೆಟ್ ಕೆಳಗೆ ಗೊರಗೊರ? ಕಂಪ್ರೆಸರ್ ಬದಲಿಸುವ ಮುನ್ನ ಹೀಗೆ ಪರೀಕ್ಷಿಸಿ

ಎ.ಸಿ ಗುಂಡಿ ಒತ್ತಿದ ಕೂಡಲೇ ಶಬ್ದ ಶುರುವಾದರೆ ಎಲ್ಲರೂ ಬೊಟ್ಟು ಮಾಡುವುದು ಎ.ಸಿ ಗ್ಯಾಸನ್ನು ಒತ್ತಿ ಹರಿಸುವ ಕಂಪ್ರೆಸರ್ ಕಡೆಗೇ. ಆದರೆ ಆ ಗುಂಡಿಯ ಜತೆ ಚಾಲೂ ಆಗುವುದು ಅದೊಂದೇ ಅಲ್ಲ. ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರಿನ ಫ್ಯಾನ್ ತಿರುಗಲಾರಂಭಿಸುತ್ತದೆ, ಬೆಲ್ಟಿನ ಮೇಲೆ ಹೊಸ ಭಾರ ಬೀಳುತ್ತದೆ, ಎಂಜಿನ್ನಿನ ಐಡ್ಲಿಂಗ್ ಬದಲಾಗುತ್ತದೆ, ಡ್ಯಾಷ್‌ಬೋರ್ಡ್ ಹಿಂದಿನ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ (ಗ್ಯಾಸಿನ ಒತ್ತಡ ಇಳಿಸುವ ಕಿರಿದಾದ ಕಿಂಡಿ) ಗ್ಯಾಸ್ ನುಗ್ಗತೊಡಗುತ್ತದೆ. ಇವುಗಳಲ್ಲಿ ಯಾವುದು ಸದ್ದು ಮಾಡಿದರೂ ಕಿವಿಗೆ ಅದು ‘ಕಂಪ್ರೆಸರ್ ಶಬ್ದ’ವೇ. ಹಾಗಾಗಿ ಒಂದೊಂದನ್ನೇ ಕಳೆಯುತ್ತ ಹೋಗಬೇಕು. ಕಂಪ್ರೆಸರಿನ ಒಳಭಾಗ ಕೆಟ್ಟಿದೆ ಎಂಬ ಅನುಮಾನ ಕಟ್ಟಕಡೆಗೆ ಬರಲಿ.

ಕೈಗೆ ಬೇಕಾದದ್ದು ಟಾರ್ಚ್, ಉದ್ದನೆಯ ಸ್ಕ್ರೂಡ್ರೈವರ್ ಅಥವಾ ಮೆಕ್ಯಾನಿಕ್ ಸ್ಟೆತಸ್ಕೋಪ್, ನೀರು ತುಂಬಿದ ಸ್ಪ್ರೇ ಬಾಟಲಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳ ಗೊಂಚಲು), ಮಲ್ಟಿಮೀಟರ್ ಮತ್ತು ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿಗೆ ಕೂರುವ ಸ್ಪ್ಯಾನರ್. ಕಾರನ್ನು ಗಾಳಿಯಾಡುವ ಬಯಲಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿಡಿ. ಸಡಿಲ ತೋಳು, ದುಪಟ್ಟಾ, ಸರ, ಬಳೆ ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದು. ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ತಿರುಗುತ್ತದೆ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ಕಂಪ್ರೆಸರಿಗೆ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಬಂದಿದ್ದರೆ ಈ ಲೇಖನವನ್ನು ಅಲ್ಲಿಗೇ ಮಡಚಿಡಿ. ಅದು ಮನೆಯಲ್ಲಿ ಮುಟ್ಟುವ ವಸ್ತುವಲ್ಲ.

ಮೊದಲು ಶಬ್ದವನ್ನು ಬೇರ್ಪಡಿಸಿ

ಎಂಜಿನ್ ಚಾಲೂ ಮಾಡಿ, ಎ.ಸಿ ಆಫ್ ಇಟ್ಟು, ಬ್ಲೋವರ್ ಮಾತ್ರ ಹಾಕಿ. ವೇಗ ಒಂದರಿಂದ ನಾಲ್ಕಕ್ಕೆ ಏರಿಸಿದಂತೆ ಶಬ್ದವೂ ಏರಿದರೆ ಅದು ಬ್ಲೋವರ್ ಮೋಟಾರಿನದು, ಇಲ್ಲವೇ ಅದರೊಳಗೆ ಬಿದ್ದ ತರಗೆಲೆಯದು. ಬಾನೆಟ್ ಎತ್ತುವ ಅಗತ್ಯವೇ ಇಲ್ಲ.

ಈಗ ಎ.ಸಿ ಹಾಕಿ. ‘ಟಕ್’ ಎಂದು ಕ್ಲಚ್ (ಕಂಪ್ರೆಸರಿನ ಶಾಫ್ಟನ್ನು ಪುಲ್ಲಿಗೆ ಜೋಡಿಸುವ ವಿದ್ಯುತ್ಕಾಂತದ ತಟ್ಟೆ) ಹಿಡಿದುಕೊಂಡದ್ದು ಕೇಳುತ್ತದೆ. ಆ ಒಂದು ಸದ್ದು ಸಹಜ. ಎ.ಸಿ ಆಫ್ ಇದ್ದಾಗಲೂ ಗೊರಗೊರ ಇದ್ದರೆ ಪುಲ್ಲಿ ಬೇರಿಂಗ್, ಐಡ್ಲರ್ (ಬೆಲ್ಟಿಗೆ ದಾರಿ ತೋರುವ ಖಾಲಿ ಚಕ್ರ), ಟೆನ್ಷನರ್, ಆಲ್ಟರ್ನೇಟರ್, ವಾಟರ್ ಪಂಪ್ ಕಡೆ ನೋಡಿ. ಕಂಪ್ರೆಸರ್ ಪುಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಸುತ್ತುತ್ತಿರುತ್ತದೆ, ಎ.ಸಿ ಹಾಕಿದಾಗ ಮಾತ್ರ ಒಳಗಿನ ಶಾಫ್ಟ್ ಸುತ್ತುತ್ತದೆ. ವಿಚಿತ್ರವೆಂದರೆ ಪುಲ್ಲಿ ಬೇರಿಂಗ್ ಸವೆದಾಗ ಎ.ಸಿ ಹಾಕಿದ ಕೂಡಲೇ ಶಬ್ದ ಕೆಲವೊಮ್ಮೆ ಕಡಿಮೆಯಾಗುತ್ತದೆ. ಕ್ಲಚ್ ಹಿಡಿದಾಗ ಆ ಬೇರಿಂಗಿನ ಮೇಲೆ ಬೀಳುವ ಭಾರ ಬದಲಾಗುತ್ತದೆ. ಹೀಗಾದರೆ ರೋಗ ಬಹುತೇಕ ಅಲ್ಲೇ ಇದೆ.

ಎ.ಸಿ ಹಾಕಿದಾಗ ಮಾತ್ರ ಬರುವ ಶಬ್ದಕ್ಕೆ ಒಂದು ಒಳ್ಳೆಯ ಉಪಾಯವಿದೆ. ಎಂಜಿನ್ ನಿಲ್ಲಿಸಿ, ಕಂಪ್ರೆಸರ್ ಕ್ಲಚ್ಚಿನ ಕನೆಕ್ಟರ್ ಬಿಚ್ಚಿ ಅಥವಾ ಫ್ಯೂಸ್ ಬಾಕ್ಸಿನಲ್ಲಿ ಕ್ಲಚ್ ರಿಲೇ ತೆಗೆದು, ಮತ್ತೆ ಎಂಜಿನ್ ಮತ್ತು ಎ.ಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಈಗಲೂ ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ ಮಾತ್ರ ತಿರುಗುವುದಿಲ್ಲ. ಶಬ್ದ ಉಳಿದರೆ ತಪ್ಪು ಫ್ಯಾನಿನದು.

ಕ್ಲಚ್ಚೇ ಇಲ್ಲದ ಕಂಪ್ರೆಸರುಗಳಲ್ಲಿ ಈ ತಂತ್ರ ನಡೆಯದು. ಅವುಗಳ ಶಾಫ್ಟ್ ಸದಾ ಸುತ್ತುತ್ತಲೇ ಇರುತ್ತದೆ, ಎ.ಸಿ ಆಫ್ ಮಾಡಿದರೆ ಒಳಗಿನ ಕಂಟ್ರೋಲ್ ವಾಲ್ವ್ ಪಂಪಿಂಗನ್ನು ಬಹುತೇಕ ಶೂನ್ಯಕ್ಕೆ ಇಳಿಸುತ್ತದೆ, ಅಷ್ಟೇ. ಅಲ್ಲಿ ಶಬ್ದ ತಗ್ಗಿತೇ, ಹಾಗೆಯೇ ಉಳಿಯಿತೇ ಎಂದು ಹೋಲಿಸಬೇಕು.

ಬೆಲ್ಟು, ನೀರು, ಸ್ಕ್ರೂಡ್ರೈವರ್

ಕಿರ್ರೆಂದು ಕಿರುಚುವುದು, ಚಿರ್ ಚಿರ್ ಎನ್ನುವುದು ಹೆಚ್ಚಾಗಿ ಬೆಲ್ಟಿನ ಭಾಷೆ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ದೂರ ನಿಂತು ಬೆಲ್ಟಿನ ಪಟ್ಟಿಪಟ್ಟಿ ಇರುವ ಮೈಗೆ ಸ್ವಲ್ಪ ನೀರು ಚಿಮುಕಿಸಿ. ಶಬ್ದ ಕೆಲವು ಸೆಕೆಂಡು ಅಡಗಿ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ನೀರು ಬಿದ್ದ ಕೂಡಲೇ ಜೋರಾದರೆ ಬೆಲ್ಟ್ ಜಾರುತ್ತಿದೆ: ಟೆನ್ಷನರ್ ಸೋತಿದೆ ಅಥವಾ ಬೆಲ್ಟ್ ಸವೆದಿದೆ. ಬೆಲ್ಟ್ ಡ್ರೆಸ್ಸಿಂಗ್ ಸ್ಪ್ರೇ ಹೊಡೆದು ಬಾಯಿ ಮುಚ್ಚಿಸುವುದು ಬೇಡ. ಅದು ಕಾರಣವನ್ನು ಹಾಗೇ ಬಿಟ್ಟು ಧೂಳನ್ನು ಮೆತ್ತಿಸುತ್ತದೆ.

ಇನ್ನು ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿನ ಹಿಂಬದಿಯ ಲೋಹಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿ ಆಲಿಸಿ. ಬೆಲ್ಟಿಗೆ ತಾಗುವಷ್ಟು ಹತ್ತಿರ ಹೋಗಬೇಡಿ. ನಂತರ ಆಲ್ಟರ್ನೇಟರ್, ಟೆನ್ಷನರ್ ಬೋಲ್ಟ್, ವಾಟರ್ ಪಂಪ್ ಮೈ ಮೇಲೆ ಅದೇ ರೀತಿ. ಎಲ್ಲಿ ಸದ್ದು ಸ್ಪಷ್ಟವಾಗಿ ಒರಟೋ ಅಲ್ಲೇ ಮೂಲ.

ಅನುಮಾನ ಉಳಿದರೆ ಎಂಜಿನ್ ನಿಲ್ಲಿಸಿ ಬೆಲ್ಟ್ ಕಳಚಿ. ತೆಗೆಯುವ ಮೊದಲು ಅದು ಓಡುವ ದಾರಿಯ ಫೋಟೊ ತೆಗೆದುಕೊಳ್ಳಿ. ಮತ್ತೆ ಹಾಕುವಾಗ ಗೊಂದಲವಾಗುವುದು ಖಂಡಿತ. ಒಂದೊಂದು ಪುಲ್ಲಿಯನ್ನೂ ಕೈಯಿಂದ ಸುತ್ತಿಸಿ, ಅಲುಗಾಡಿಸಿ. ಕರಕರ ಎಂದರೆ, ಆಚೀಚೆ ಆಡಿದರೆ ಬೇರಿಂಗ್ ಮುಗಿದಿದೆ. ಬೇಕೆಂದರೆ ಬೆಲ್ಟ್ ಇಲ್ಲದೆ ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿ ಕೇಳಬಹುದು, ಅದಕ್ಕಿಂತ ಹೆಚ್ಚಿಲ್ಲ. ವಾಟರ್ ಪಂಪ್ ಅದೇ ಬೆಲ್ಟಿನಿಂದ ಓಡುವ ಎಂಜಿನ್ನಿನಲ್ಲಿ ನೀರಿನ ಹರಿವು ನಿಂತಿರುತ್ತದೆ.

ಕ್ಲಚ್ ಮತ್ತು ಬಿಗಿತ

ಕಂಪ್ರೆಸರಿನ ಮುಂಭಾಗದ ತಟ್ಟೆ ಮತ್ತು ಪುಲ್ಲಿಯ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಮೂರು ಕಡೆ ಅಳೆಯಿರಿ. ಹೆಚ್ಚಿನವುಗಳಲ್ಲಿ ಅದು 0.3ರಿಂದ 0.6 ಮಿ.ಮೀ. ಆಸುಪಾಸು; ನಿಖರ ಅಂಕಿ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. ಸಂದು ತೀರ ಕಡಿಮೆಯಿದ್ದರೆ ಎ.ಸಿ ಆಫ್ ಇದ್ದರೂ ತಟ್ಟೆ ಉಜ್ಜುತ್ತದೆ. ಸವೆದು ಹೆಚ್ಚಾಗಿದ್ದರೆ ತಟ್ಟೆಯನ್ನು ಎಳೆಯುವ ವಿದ್ಯುತ್ಕಾಂತದ ಕಾಯಿಲಿನ ಸೆಳೆತ ಸಾಲದೆ ಕ್ಲಚ್ ಜಾರಿ ಕಿರುಚುತ್ತದೆ, ಅದೂ ಬಿಸಿಯೇರಿದ ಮೇಲೆ. ಸುತ್ತ ಕೆಂಪು-ಕಂದು ಪುಡಿ ಚೆಲ್ಲಿದ್ದರೆ, ತಟ್ಟೆ ನೀಲಿಗಟ್ಟಿದ್ದರೆ ಇದೇ ಗುರುತು. ತಟ್ಟೆಯ ಹಬ್ (ನಡುಭಾಗ) ಹಿಂದಿನ ತೆಳು ಶಿಮ್ (ಬಿಲ್ಲೆ) ಒಂದನ್ನು ತೆಗೆದರೆ ಸಂದು ಕಿರಿದಾಗುತ್ತದೆ. ಹಲವು ಕಾರುಗಳಲ್ಲಿ ದುರಸ್ತಿ ಅಷ್ಟರಲ್ಲೇ ಮುಗಿಯುತ್ತದೆ. ಕಾಯಿಲಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 3ರಿಂದ 5 ಓಮ್. ತಟ್ಟೆಯ ರಬ್ಬರ್ ಡ್ಯಾಂಪರ್‌ಗಳು ಬಿರಿದಿದ್ದರೆ ಖಡಖಡ ಎನ್ನುತ್ತದೆ.

ಎಂಜಿನ್ ನಿಂತಿರುವಾಗ ಅದೇ ತಟ್ಟೆಯನ್ನು ಕೈಯಿಂದ ಸುತ್ತಿಸಿ. ಒಂದೇ ಸಮನಾದ ತುಸು ಬಿಗಿ ಇರಬೇಕು. ಅಲ್ಲಲ್ಲಿ ಸಿಕ್ಕಿಕೊಂಡರೆ ಅಥವಾ ಅಲುಗಾಡದಿದ್ದರೆ ಒಳಭಾಗ ಹೋಗಿದೆ.

ಮೌಂಟಿಂಗ್ ಬೋಲ್ಟ್‌ಗಳನ್ನೂ ಬಿಗಿ ನೋಡಿ. ಒಂದು ಸಡಿಲವಾಗಿದ್ದರೂ ಕಾರಿನ ತುಂಬ ಗುಂಯ್‌ಗುಟ್ಟುತ್ತದೆ. ಎ.ಸಿ ಪೈಪು ಬಾಡಿಗೆ ತಾಗುತ್ತಿದ್ದರೆ ನಡುವೆ ರಬ್ಬರ್ ತುಂಡು ಸಿಕ್ಕಿಸಿ. ಗುಂಯ್ ನಿಂತರೆ ಕ್ಲಿಪ್ ಹಾಕಿದರೆ ಸಾಕು.

ಗ್ಯಾಸಿನ ಶಬ್ದಗಳು

ಕೆಲವು ಸೆಕೆಂಡಿಗೊಮ್ಮೆ ಟಕ್-ಟಕ್ ಎಂದು ಕ್ಲಚ್ ಹಿಡಿದು ಬಿಡುತ್ತಿದ್ದರೆ, ಡ್ಯಾಷ್‌ಬೋರ್ಡಿನಿಂದ ಬುಸ್ ಎನ್ನುವ ಸದ್ದು ಕೇಳುತ್ತಿದ್ದರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಕಂಪ್ರೆಸರಿಗೆ ಎಣ್ಣೆ ತಲುಪುವುದು ಗ್ಯಾಸಿನ ಜತೆಗೇ. ಆದ್ದರಿಂದ ಗ್ಯಾಸ್ ಇಳಿದ ವ್ಯವಸ್ಥೆಯನ್ನು ಓಡಿಸುತ್ತ ಹೋದರೆ ಕಂಪ್ರೆಸರ್ ಒಣಗಿ ಸವೆಯುತ್ತದೆ. ಶಾಫ್ಟ್ ಸೀಲ್ ಹತ್ತಿರ, ಪೈಪ್ ಕೀಲುಗಳಲ್ಲಿ ಧೂಳು ಮೆತ್ತಿದ ಎಣ್ಣೆಯ ಕಲೆ ಹುಡುಕಿ, ಸೋರಿಕೆ ಅಲ್ಲಿದೆ.

ಇದಕ್ಕೆ ವಿರುದ್ಧವಾಗಿ, ನಿಂತ ಕಾರಿನಲ್ಲಿ ಕಂಪ್ರೆಸರ್ ನರಳಿ ಎಂಜಿನ್ ತಗ್ಗುತ್ತಿದ್ದರೆ ಕಂಡೆನ್ಸರ್ ಮೇಲೆ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ನರಳಾಟ ಇಳಿದರೆ ಮೇಲಿನ ಬದಿಯ, ಅಂದರೆ ಕಂಪ್ರೆಸರಿನಿಂದ ಹೊರಹೋಗುವ ಪೈಪಿನ ಒತ್ತಡ ಮಿತಿಮೀರಿದೆ. ಕೊಳೆ ಕಟ್ಟಿದ ಕಂಡೆನ್ಸರ್, ತಿರುಗದ ಫ್ಯಾನ್ ಅಥವಾ ಹೆಚ್ಚಾಗಿ ತುಂಬಿದ ಗ್ಯಾಸ್ ಕಾರಣ.

ಕೆಳ ಬದಿಯ (ಕಂಪ್ರೆಸರಿಗೆ ಮರಳುವ ಪೈಪಿನ) ಗೇಜ್ ಒಂದೇ ಇರುವ ರೀಫಿಲ್ ಡಬ್ಬಿ ನಂಬಿ ಗ್ಯಾಸ್ ಹಾಕಬೇಡಿ. ಎಂಜಿನ್ ನಿಂತಿರುವಾಗ ಆರ್-134ಎ (ಹಲವು ಕಾರುಗಳ ಎ.ಸಿ ಗ್ಯಾಸ್) ಒತ್ತಡ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 95–100 ಪಿಎಸ್‌ಐ ಇರುತ್ತದೆ. ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ, ಗ್ಯಾಸ್ ಎಷ್ಟೇ ಇರಲಿ ಆ ಅಂಕಿ ಬದಲಾಗದು. ಓಡುವಾಗಲೂ ಕೆಳ ಬದಿ 25–45, ಮೇಲಿನ ಬದಿ 150–250 ಎಂಬ ಜೋಡಿಯಲ್ಲಿ ನೋಡಿದರೆ ಮಾತ್ರ ಅರ್ಥ. ಕೆಳಗಿನದು ಹೆಚ್ಚಾಗಿ, ಮೇಲಿನದು ಏರದೆ ಇದ್ದರೆ ಕಂಪ್ರೆಸರ್ ಪಂಪ್ ಮಾಡುತ್ತಿಲ್ಲ. ಸರಿಯಾದ ದಾರಿ ಒಂದೇ: ಹಳೆಯ ಗ್ಯಾಸ್ ಯಂತ್ರದಿಂದ ಹಿಂಪಡೆದು, ವ್ಯಾಕ್ಯೂಮ್ ಮಾಡಿ, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಷ್ಟು ಗ್ರಾಂ ತೂಗಿ ತುಂಬುವುದು. ಅದು ವರ್ಕ್‌ಶಾಪಿನ ಕೆಲಸ. ಮನೆಯಲ್ಲಿ ಪೈಪಿನ ಕೀಲು ಬಿಚ್ಚಲೇಬೇಡಿ. ಆರ್-134ಎ ಮೈನಸ್ 26 ಡಿಗ್ರಿಯಲ್ಲಿ ಕುದಿಯುವ ದ್ರವ, ಕಡು ಶೀತದಿಂದಲೇ ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ.

ಒಳಗಿನದ್ದೇ ಎಂದು ಖಾತ್ರಿಯಾದರೆ

ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಲೋಹದ ಕಟಕಟ, ಕ್ಲಚ್ ಬಿಟ್ಟ ಮರುಕ್ಷಣವೇ ನಿಂತರೆ, ಗ್ಯಾಸ್ ಪ್ರಮಾಣವೂ ಸರಿಯಿದ್ದರೆ, ಕಂಪ್ರೆಸರ್ ಒಳಗಿನ ಪಿಸ್ಟನ್ ಅಥವಾ ಬೇರಿಂಗ್ ಸೋತಿದೆ. ದೀರ್ಘಕಾಲ ನಿಂತ ಕಾರಿನಲ್ಲಿ ಮೊದಲ ಒಂದೆರಡು ಸೆಕೆಂಡಷ್ಟೇ ಕಟಕಟ ಬಂದು ಹೋದರೆ ಒಳಗೆ ಸೇರಿದ ದ್ರವ ಹೊರಹೋಗುವ ಸದ್ದಿರಬಹುದು; ಅದನ್ನು ಗಮನದಲ್ಲಿಡಿ, ಗಾಬರಿ ಬೇಡ. ‘ಶಬ್ದ ನಿಲ್ಲಿಸುವ’ ಎಣ್ಣೆ, ಲೀಕ್ ಸ್ಟಾಪ್ ಬೇಡವೇ ಬೇಡ. ಹೆಚ್ಚುವರಿ ಎಣ್ಣೆ ತಂಪನ್ನು ಕುಗ್ಗಿಸುತ್ತದೆ, ಲೀಕ್ ಸ್ಟಾಪ್ ವಾಲ್ವುಗಳಲ್ಲಿ ಗಟ್ಟಿಯಾಗಬಹುದು.

ಒಡೆದ ಕಂಪ್ರೆಸರ್ ಬೆಳ್ಳಿಬಣ್ಣದ ಲೋಹದ ಪುಡಿಯನ್ನು ವ್ಯವಸ್ಥೆಯ ತುಂಬ ಹರಡಿರುತ್ತದೆ. ಹಾಗಾಗಿ ಹೊಸದನ್ನು ಕೂರಿಸುವಾಗ ರಿಸೀವರ್ ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ) ಮತ್ತು ಎಕ್ಸ್‌ಪಾನ್ಷನ್ ವಾಲ್ವ್ ಬದಲಾಗಬೇಕು, ಪೈಪುಗಳನ್ನು ತೊಳೆಯಬೇಕು. ಇಂದಿನ ಸಣ್ಣ ಕಾಲುವೆಗಳ ಕಂಡೆನ್ಸರನ್ನು ತೊಳೆದು ಶುದ್ಧ ಮಾಡುವುದು ಕಷ್ಟ, ಅದನ್ನೂ ಬದಲಿಸುವುದೇ ಲೇಸು. ಹೊಸ ಕಂಪ್ರೆಸರಿನಲ್ಲಿ ಮೊದಲೇ ಎಣ್ಣೆ ತುಂಬಿರಬಹುದು. ಎಷ್ಟು ಇಡಬೇಕು, ಎಷ್ಟು ಹೊರಗೆ ಸುರಿಯಬೇಕು ಎಂಬುದನ್ನು ಜತೆಗೆ ಬರುವ ಹಾಳೆಯಲ್ಲಿ ನೋಡಿ. ಗ್ಯಾಸ್ ತುಂಬಿದ ಮೇಲೆ ಎಂಜಿನ್ ಹಾಕುವ ಮೊದಲು ಕ್ಲಚ್ ತಟ್ಟೆಯನ್ನು ಕೈಯಿಂದ ಹತ್ತು ಸುತ್ತು ಸುತ್ತಿಸಿ; ಕಂಪ್ರೆಸರ್ ಒಳಗೆ ನಿಂತ ಎಣ್ಣೆ ಚೇಂಬರಿನಿಂದ ಹೊರಗೆ ಬರಲಿ.