ಕೌದಿ ಪ್ರದರ್ಶನವನ್ನು ನೋಡುವ ಬಗೆ: ಕೊನೆಯ ಹೊಲಿಗೆ ಎಲ್ಲಿದೆ ಎಂದು ಹುಡುಕಿ

ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ ಕೌದಿಗಳ ಪ್ರದರ್ಶನಕ್ಕೆ ಬಂದವರಲ್ಲಿ ಹೆಚ್ಚಿನವರು ಬಣ್ಣವನ್ನು ನೋಡಿ, ಚಂದ ಇದೆ ಎಂದು ಹೇಳಿ, ಮುಂದಿನದರ ಕಡೆಗೆ ಸಾಗುತ್ತಾರೆ. ಊರಿನ ಕೌದಿಗಳ ಪಕ್ಕದಲ್ಲೇ ಆಧುನಿಕ ಕ್ವಿಲ್ಟ್‌ಗಳನ್ನೂ, ಅಂದರೆ ಒಳಗೆ ಮೆತ್ತನೆಯ ಹಾಸಿಟ್ಟು ಹೊಲಿದ ತುಂಡುಬಟ್ಟೆಯ ಹೊದಿಕೆಗಳನ್ನೂ ತೂಗುಹಾಕಿದ್ದರೆ ಇನ್ನೊಂದು ತೊಡಕು ಎದುರಾಗುತ್ತದೆ: ಕೌದಿಯ ಗೆರೆ ಸೊಟ್ಟಗಿದೆ ಎಂದು ಒಬ್ಬರು ಮೂಗು ಮುರಿದರೆ, ಕ್ವಿಲ್ಟ್ ಬರೀ ಮಿಷನ್ ಕೆಲಸ ಎಂದು ಇನ್ನೊಬ್ಬರು ತಳ್ಳಿಹಾಕುತ್ತಾರೆ. ಒಂದರ ಅಳತೆಗೋಲಿನಿಂದ ಮತ್ತೊಂದನ್ನು ಅಳೆಯುವುದರಿಂದ ಎರಡಕ್ಕೂ ಅನ್ಯಾಯವಾಗುತ್ತದೆ. ಇದನ್ನು ತಪ್ಪಿಸಲು ಒಂದು ಸರಳವಾದ ದಾರಿಯಿದೆ. ಯಾವುದೇ ಹೊದಿಕೆಯ ಮುಂದೆ ನಿಂತಾಗ, ಅದನ್ನು ಮೆಚ್ಚುವುದಕ್ಕಾಗಲಿ ತೆಗಳುವುದಕ್ಕಾಗಲಿ ಮೊದಲು, ಹೊಲಿದವರ ಕೈ ಎಲ್ಲಿಂದ ಹೊರಟಿತು ಮತ್ತು ಕೊನೆಯ ಹೊಲಿಗೆ ಎಲ್ಲಿ ಬಿತ್ತು ಎಂಬುದನ್ನು ಹುಡುಕಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರ ಕೌದಿಯಿಂದಲೇ ಆರಂಭಿಸುವುದು ಒಳ್ಳೆಯದು. ಶತಮಾನಗಳ ಹಿಂದೆ ಆಫ್ರಿಕಾದಿಂದ ಕಡಲ ದಾರಿಯಲ್ಲಿ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳು ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಮುಂತಾದ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಅವರ ಕೌದಿಯ ಅಡಿಬಟ್ಟೆ ಸಾಮಾನ್ಯವಾಗಿ ಒಂದು ಹಳೆಯ ಸೀರೆ. ಅದನ್ನು ನೆಲಕ್ಕೆ ಹಾಸಿ, ಒಂದು ಮೂಲೆಯಲ್ಲಿ ಮೊದಲ ತುಂಡನ್ನು ಇಟ್ಟು, ಅಂಚನ್ನು ಒಳಕ್ಕೆ ಮಡಚಿ ಹೊಲಿಯಲು ಹಿಡಿಯುತ್ತಾರೆ. ಅಲ್ಲಿಂದ ಅಂಚಿನುದ್ದಕ್ಕೂ ತುಂಡಿನ ಪಕ್ಕದಲ್ಲಿ ತುಂಡನ್ನು ಸೇರಿಸುತ್ತ ನಾಲ್ಕೂ ಬದಿಗಳನ್ನು ಸುತ್ತಿ, ಮತ್ತೊಂದು ಸುತ್ತು, ಮಗದೊಂದು ಸುತ್ತು ಎಂದು ಒಳಗೊಳಗೆ ಸಾಗಿ, ಕೊನೆಗೆ ನಡುಭಾಗದಲ್ಲಿ ಕೆಲಸ ಮುಗಿಸುತ್ತಾರೆ. ಮುಖ್ಯವಾದ ಮಾತೇನೆಂದರೆ, ತೇಪೆಯನ್ನು ಅಂಟಿಸುವ ಹೊಲಿಗೆ ಬೇರೆ, ಪದರಗಳನ್ನು ಬಿಗಿಯುವ ಹೊಲಿಗೆ ಬೇರೆ ಎಂಬುದು ಇಲ್ಲಿ ಇಲ್ಲ; ಒಂದೇ ಹೊಲಿಗೆ ಎರಡೂ ಕೆಲಸವನ್ನು ಮಾಡುತ್ತದೆ. ಆದ್ದರಿಂದ ಮೊದಲೇ ಚಿತ್ರ ಬರೆದಿಟ್ಟುಕೊಂಡು ಅದರಂತೆ ತುಂಬುವ ಪದ್ಧತಿಗೆ ಆಸ್ಪದ ಕಡಿಮೆ. ಮುಂದಿನ ತುಂಡು ಯಾವುದು ಎಂಬ ತೀರ್ಮಾನ ಹಿಂದಿನ ತುಂಡು ಕೂತ ಮೇಲೆ ಆಗುತ್ತದೆ, ಮತ್ತು ತಪ್ಪಿದ ಅಳತೆಯನ್ನು ಅಲ್ಲೇ ಇನ್ನೊಂದು ಸಣ್ಣ ತೇಪೆಯಿಂದ ಸರಿದೂಗಿಸಲಾಗುತ್ತದೆ.

ಇದನ್ನು ಕಣ್ಣಾರೆ ಕಾಣಬೇಕಾದರೆ ಕೌದಿಯ ಹಿಂಬದಿಯನ್ನು ತೋರಿಸುವಂತೆ ಅಲ್ಲಿರುವವರನ್ನು ಕೇಳಿಕೊಳ್ಳಿ. ಮುಂಬದಿಯಲ್ಲಿ ಹೂವಿನ ಚೀಟಿ ಬಟ್ಟೆ, ಚೌಕುಳಿ ಲುಂಗಿ, ಮಕ್ಕಳ ಯೂನಿಫಾರ್ಮಿನ ನೀಲಿ ಬಟ್ಟೆ ಎಲ್ಲವೂ ಒಟ್ಟಾಗಿ ಕಣ್ಣನ್ನು ಸೆಳೆಯುವುದರಿಂದ ಹೊಲಿಗೆಯ ಗೆರೆ ಅದರಲ್ಲಿ ಅಡಗಿಹೋಗುತ್ತದೆ. ಹಿಂಬದಿಯ ಸೀರೆಯ ಮೇಲೆ ಆ ಗೆರೆಗಳು ಒಂದರೊಳಗೊಂದು ಕೂತ ಚೌಕಗಳಂತೆ, ಅಂಚಿಗೆ ಸಮಾನಾಂತರವಾಗಿ, ನಡುವಿನ ಕಡೆಗೆ ಕಿರಿದಾಗುತ್ತ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ಟಾಕುಗಳನ್ನು ಹತ್ತಿರದಿಂದ ಗಮನಿಸಿದರೆ ಅವುಗಳ ಉದ್ದ ಮೂಲೆಯ ತಿರುವಿನಲ್ಲಿ ಬದಲಾಗುವುದು, ಹಲವು ಪದರ ಸೇರಿದ ಕಡೆ ಸೂಜಿ ಕಷ್ಟಪಟ್ಟು ದಾಟಿರುವುದು, ದಾರ ಮುಗಿದು ಹೊಸ ದಾರ ಪೋಣಿಸಿದ ಜಾಗ, ಇವೆಲ್ಲವೂ ತಿಳಿಯುತ್ತವೆ. ಬಟ್ಟೆಯ ಮೇಲೆ ಮೂಡಿರುವ ಸಣ್ಣ ನೆರಿಗೆಗಳನ್ನು ದೋಷವೆಂದು ಎಣಿಸಬಾರದು. ಮೆತ್ತೆಯಂಥ ಹತ್ತಿಯನ್ನು ಒಳಗೆ ತುಂಬದೆ ಬಟ್ಟೆಯ ಮೇಲೆ ಬಟ್ಟೆಯನ್ನೇ ಇಟ್ಟು, ಸಾಲು ಸಾಲಾಗಿ ಟಾಕು ಹಾಕಿ ದಾರವನ್ನು ಎಳೆದಾಗ ಹೀಗೆ ನೆರಿಗೆ ಬೀಳುವುದು ಸಹಜ. ಹೊದಿಕೆ ವರ್ಷಗಟ್ಟಲೆ ಒಗೆತವನ್ನು ತಾಳಿಕೊಳ್ಳುವುದು ಈ ದಟ್ಟ ಹೊಲಿಗೆಯಿಂದಲೇ.

ಬಳಿಕ ನಾಲ್ಕು ಮೂಲೆಗಳನ್ನು ನೋಡಿ. ಅಲ್ಲಿ ಬಣ್ಣಬಣ್ಣದ ಬಟ್ಟೆಯನ್ನು ಮಡಚಿ, ಒಂದರ ಮೇಲೊಂದು ಪದರವಾಗಿಟ್ಟು ಹೊಲಿದ ತ್ರಿಕೋನಗಳಿರುತ್ತವೆ. ಇದಕ್ಕೆ ಫುಲಾ, ಅಂದರೆ ಹೂವು ಎನ್ನುತ್ತಾರೆ. ಇದರಿಂದ ಹೊದಿಕೆ ಬೆಚ್ಚಗಾಗುವುದೂ ಇಲ್ಲ, ಗಟ್ಟಿಯಾಗುವುದೂ ಇಲ್ಲ; ಆದರೂ ಇದಿಲ್ಲದ ಕೌದಿಯನ್ನು ಹೊಲಿದವರು ಬೆತ್ತಲೆ ಎಂದೇ ಭಾವಿಸುತ್ತಾರೆ. ಕೌದಿ ಬಡತನದ ಅನಿವಾರ್ಯ ವಸ್ತು ಮಾತ್ರ ಎಂದು ತಿಳಿದವರು ಈ ಮೂಲೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದು ನನ್ನ ಆಗ್ರಹ. ಕ್ರೈಸ್ತ ಮನೆಗಳ ಕೆಲವು ಕೌದಿಗಳಲ್ಲಿ ಶಿಲುಬೆಯೂ, ಮುಸ್ಲಿಂ ಮನೆಗಳ ಕೆಲವು ಕೌದಿಗಳಲ್ಲಿ ಅರ್ಧಚಂದ್ರವೂ ಕಾಣಸಿಗುತ್ತವೆ.

ಇನ್ನು ಆಧುನಿಕ ಕ್ವಿಲ್ಟಿನ ಕಡೆಗೆ ತಿರುಗಿದಾಗ ಕೆಲಸದ ದಿಕ್ಕು ತಲೆಕೆಳಗಾಗುವುದನ್ನು ಗಮನಿಸಿ. ಇಲ್ಲಿ ಮೊದಲು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮೇಲ್ಪದರವನ್ನು ಪೂರ್ತಿಗೊಳಿಸುತ್ತಾರೆ. ಅನಂತರ ಅದರ ಕೆಳಗೆ ಹತ್ತಿಯ ಅಥವಾ ಪಾಲಿಯೆಸ್ಟರಿನ ಮೆತ್ತನೆಯ ಹಾಸನ್ನೂ, ಅದರ ಕೆಳಗೆ ಅಸ್ತರನ್ನೂ ಇಟ್ಟು ಮೂರು ಪದರಗಳನ್ನು ಕೂಡಿಸಿ ಹೊಲಿಯುತ್ತಾರೆ. ಮನೆಯ ಮಿಷನ್ನಿನಲ್ಲಿ ಈ ಹೊಲಿಗೆಯನ್ನು ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ ಒಯ್ಯುತ್ತಾರೆ, ಏಕೆಂದರೆ ಹಾಗೆ ಮಾಡಿದರೆ ಸಡಿಲ ಬಟ್ಟೆ ನಡುವೆ ಸಿಕ್ಕಿಕೊಂಡು ಸುಕ್ಕಾಗದೆ ಅಂಚಿಗೆ ಸರಿದುಹೋಗುತ್ತದೆ. ಕಟ್ಟಕಡೆಗೆ ಸುತ್ತಲೂ ಅಂಚುಪಟ್ಟಿಯನ್ನು ಹಚ್ಚಿ ಮುಗಿಸುತ್ತಾರೆ. ಕೌದಿ ಅಂಚಿನಿಂದ ಹೊರಟು ನಡುವಿನಲ್ಲಿ ಮುಗಿದರೆ, ಕ್ವಿಲ್ಟ್ ಮುಗಿಯುವುದು ಅಂಚಿನಲ್ಲಿ. ಹೀಗಾಗಿ ಕೌದಿ ಹೊಲಿದವರ ಧೈರ್ಯವನ್ನು ನಡುಭಾಗದಲ್ಲಿಯೂ, ಕ್ವಿಲ್ಟ್ ಹೊಲಿದವರ ತಾಳ್ಮೆಯನ್ನು ಅಂಚಿನಲ್ಲಿಯೂ ಹುಡುಕಬೇಕು. ಅಂಚುಪಟ್ಟಿ ಮೂಲೆಯಲ್ಲಿ ಓರೆಯಾಗಿ, ಚೂಪಾಗಿ ಮಡಚಿಕೊಂಡಿದೆಯೇ, ಪಟ್ಟಿಯ ಒಳಗೆ ಎಲ್ಲ ಕಡೆಯೂ ಹಾಸು ತುಂಬಿಕೊಂಡಿದೆಯೇ ಎಂಬುದು ಪರೀಕ್ಷಿಸಬೇಕಾದ ಸಂಗತಿ.

ಜೋಡಣೆಯ ನಿಖರತೆ ಎಷ್ಟು ಕಠಿಣ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಕ್ವಿಲ್ಟಿನಲ್ಲಿ ಎರಡು ತುಂಡುಗಳನ್ನು ಸೇರಿಸುವಾಗ ಅಂಚಿನಿಂದ 1/4 ಇಂಚು ಬಿಟ್ಟು ಹೊಲಿಯುವುದು ರೂಢಿ. ಪ್ರತಿ ಜೋಡಣೆಯಲ್ಲೂ 1/16 ಇಂಚು ಹೆಚ್ಚು ಬಟ್ಟೆ ಹಿಡಿದರೆ ಎರಡು ಬದಿಗೂ ಸೇರಿ 1/8 ಇಂಚು ಕಡಿಮೆಯಾಗುತ್ತದೆ. ಅಂಥ 16 ಜೋಡಣೆಗಳಿರುವ ಸಾಲು 2 ಇಂಚು ಗಿಡ್ಡವಾಗಿ ಪಕ್ಕದ ಸಾಲಿಗೆ ಕೂಡಿಕೊಳ್ಳುವುದೇ ಇಲ್ಲ. ತ್ರಿಕೋನಗಳ ಎಂಟು ತುದಿಗಳು ಒಂದೇ ಬಿಂದುವಿನಲ್ಲಿ ಕೂಡುವ ನಕ್ಷತ್ರವನ್ನು ಕಂಡಾಗ, ಮಿಷನ್ ಇದ್ದರೆ ಯಾರು ಬೇಕಾದರೂ ಮಾಡಬಹುದು ಎಂಬ ಮಾತನ್ನು ಆಡುವ ಮುನ್ನ ಈ ಲೆಕ್ಕವನ್ನು ನೆನೆಯುವುದು ನ್ಯಾಯ.

ಬಣ್ಣವನ್ನು ನೋಡುವುದಕ್ಕೆ ದೂರ ಬೇಕು. ಲಾಗ್ ಕ್ಯಾಬಿನ್ ಎಂಬ ಹಳೆಯ ಅಮೆರಿಕನ್ ವಿನ್ಯಾಸದಲ್ಲಿ ಸಣ್ಣದೊಂದು ಚೌಕದ ಸುತ್ತ ಪಟ್ಟಿಗಳನ್ನು ಹೊಲಿಯುತ್ತ ಹೋಗುತ್ತಾರೆ. ಎರಡು ಬದಿಗೆ ತಿಳಿಬಣ್ಣ, ಎರಡು ಬದಿಗೆ ಗಾಢಬಣ್ಣ. ಹತ್ತಿರ ನಿಂತವರಿಗೆ ಬರೀ ಪಟ್ಟಿಗಳು ಕಾಣುತ್ತವೆ. ಹತ್ತು ಹೆಜ್ಜೆ ಹಿಂದೆ ಸರಿದರೆ ಬೆಳಕು ನೆರಳಿನ ದೊಡ್ಡ ಕರ್ಣರೇಖೆಗಳು ಎದ್ದು ನಿಲ್ಲುತ್ತವೆ. ಇದು ಇನ್ನೂ ಸ್ಪಷ್ಟವಾಗಲು ಕಣ್ಣು ಸ್ವಲ್ಪ ಕಿರಿದಾಗಿಸಿ ನೋಡಬಹುದು, ಇಲ್ಲವೇ ಮೊಬೈಲಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದುಕೊಳ್ಳಬಹುದು. ಇದೇ ಉಪಾಯವನ್ನು ಕೌದಿಗೂ ಬಳಸಿ: ಚಿಂದಿಯ ರಾಶಿ ಎಂದು ತೋರಿದ್ದರಲ್ಲಿ ಗಾಢ ತುಂಡುಗಳು ಎಷ್ಟು ಎಚ್ಚರದಿಂದ ಹಂಚಿಕೆಯಾಗಿವೆ ಎಂಬುದು ಆಗ ಗೋಚರಿಸುತ್ತದೆ.

ಕ್ವಿಲ್ಟನ್ನು ಹಾಸಿಗೆಯಿಂದ ಗೋಡೆಗೆ ಏರಿಸಿದ್ದರಲ್ಲಿ 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನದ ಪಾಲು ದೊಡ್ಡದು. 2002ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಅಲ್ಲಿನ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಮಹಿಳೆಯರ ಕ್ವಿಲ್ಟ್‌ಗಳು ಪ್ರದರ್ಶನಗೊಂಡವು. ಹೊಲದಲ್ಲಿ ತೊಟ್ಟು ಸವೆದ ಡೆನಿಮ್ ಬಟ್ಟೆಯಿಂದ ಹೊಲಿದವೂ ಅವುಗಳಲ್ಲಿದ್ದವು. ಅವುಗಳಿಗೂ ಸಿದ್ದಿ ಕೌದಿಗಳಿಗೂ ಇರುವ ಹೋಲಿಕೆ ಯಾರಿಗಾದರೂ ಬೆರಗು ಹುಟ್ಟಿಸುತ್ತದೆ. ಆದರೆ ಎರಡನ್ನೂ ಆಫ್ರಿಕಾದ ಒಂದೇ ಬೇರಿಗೆ ಕಟ್ಟಿಹಾಕುವ ಅವಸರ ಬೇಡ. ಹೊಲಿಯುವ ಕ್ರಮವೇ ಬೇರೆ ಬೇರೆಯಾಗಿದೆ.

ಗೋಡೆಗೆ ತೂಗುಹಾಕುವ ಪದ್ಧತಿಯಿಂದ ಕೌದಿಗೆ ಸ್ವಲ್ಪ ನಷ್ಟವೂ ಆಗುತ್ತದೆ. ನೆಲದ ಮೇಲೆ ಹಾಸಿ, ಸುತ್ತ ಸರಿಯುತ್ತ ಹೊಲಿದ ವಸ್ತುವಿಗೆ ಮೇಲು ಕೆಳಗು ಎಂಬುದಿಲ್ಲ. ಮಂಚದ ಮೇಲೋ ಚಾಪೆಯ ಮೇಲೋ ಹರಡಿಟ್ಟ ಕೌದಿ ಸಿಕ್ಕಿದರೆ ನಾಲ್ಕೂ ದಿಕ್ಕಿನಿಂದ ಸುತ್ತಿ ನೋಡಿ. ಹಳೆಯ ಬಟ್ಟೆಗೆ ಬೆಳಕು ಶತ್ರು. ವಸ್ತುಸಂಗ್ರಹಾಲಯಗಳಲ್ಲಿ ಜವಳಿಗೆ ಸುಮಾರು 50 ಲಕ್ಸ್ (ಬೆಳಕಿನ ಅಳತೆಯ ಮಾನ) ಬೆಳಕು ಸಾಕೆಂದು ನಿಯಮವಿರುವುದರಿಂದ, ಕೋಣೆ ಮಬ್ಬಾಗಿದ್ದರೆ ಕಣ್ಣು ಹೊಂದಿಕೊಳ್ಳುವವರೆಗೆ ಕಾಯಿರಿ, ಫ್ಲ್ಯಾಶ್ ಬಳಸಬೇಡಿ. ಅನುಮತಿಯಿಲ್ಲದೆ ಮುಟ್ಟಬಾರದು, ಕರಾವಳಿಯ ಸೆಕೆಯಲ್ಲಿ ಬೆವರಿದ ಕೈ ಬಿಳಿ ಹತ್ತಿಬಟ್ಟೆಯ ಮೇಲೆ ಕಲೆ ಬಿಡುತ್ತದೆ.

ಹೊಲಿದವರು ಅಲ್ಲೇ ಕುಳಿತಿದ್ದರೆ ಮೊದಲು ಬೆಲೆಯನ್ನು ಕೇಳಬೇಡಿ. ‘ಅಕ್ಕಾ, ಇದನ್ನು ಯಾವ ಮೂಲೆಯಿಂದ ಶುರು ಮಾಡಿದಿರಿ?’ ಎಂದು ಕೇಳಿ ನೋಡಿ. ಉತ್ತರದ ಜೊತೆಗೆ ಈ ತುಂಡು ಮಗಳ ಲಂಗದ್ದು, ಆ ತುಂಡು ಅತ್ತೆಯ ಸೀರೆಯದು ಎಂಬ ವಿವರವೂ ತಾನಾಗಿ ಬರುತ್ತದೆ. ಚೌಕಾಸಿ ಮಾಡುವವರು ಹಳೆ ಬಟ್ಟೆಗೆ ಇಷ್ಟೇ ಎಂದು ಲೆಕ್ಕ ಹಾಕುತ್ತಾರೆ. ಆದರೆ ನೀವು ಕೊಡುತ್ತಿರುವ ಹಣ ಮನೆಗೆಲಸ, ಗದ್ದೆಕೆಲಸಗಳ ನಡುವೆ ಬಿಡುವು ಮಾಡಿಕೊಂಡು ಕೂತ ಹೊತ್ತಿನದು. ಚಿತ್ರವನ್ನು ಬೇರೆಯವರಿಗೆ ಕಳುಹಿಸುವುದಾದರೆ ಹೊಲಿದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಊರನ್ನೂ ಬರೆಯಿರಿ.

ಕೊಂಡು ತಂದ ಕೌದಿಯನ್ನು ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಪ್ಲಾಸ್ಟಿಕ್ ಚೀಲದೊಳಗಿನ ಬಟ್ಟೆ ಬೂಸಲು ಹಿಡಿಯುವುದರಿಂದ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡಿ. ಬಿಸಿಲು ಬಿದ್ದ ದಿನ ಹೊರತೆಗೆದು ನೆರಳಿನಲ್ಲೇ ಗಾಳಿಗೆ ಹರಡಿ, ಮತ್ತೆ ಮಡಚುವಾಗ ಹಿಂದಿನ ಮಡಿಕೆಯ ಗೆರೆಯ ಮೇಲೆಯೇ ಮಡಚದಂತೆ ನೋಡಿಕೊಳ್ಳಿ.